ಇಲಿ ತಿಂದ ಇಪ್ಪತ್ತು ಸೆಂಟಿಮೀಟರ್

"ಪಂಚೂ, ಆ ಅಂಕದ ಬುಕ್ ತಗೊಂಡ್ ಬಾ ಬೇ! ಜಲ್ದಿ! ಎರಡನೇ ನಂಬರ್, ಮೂರನೇ ನಂಬರ್ ಎಷ್ಟಂತ ನೋಡ್ಬೇಕು."

ಶಾಂತಕುಮಾರ ಮಾಮಾ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಕೂಗಿದ. ಅವನ ಬೆನ್ನ ಹಿಂದೆಯೇ ನಿಂತಿದ್ದ ಪಂಚಶೀಲಾಗೆ ಅದು ಕೇಳಿಸಲೇ ಇಲ್ಲ. ಅವಳು ಸ್ಕ್ರೀನಿನ ಮೇಲಿದ್ದ ಫೋಟೋ ನೋಡುತ್ತ ಮೈಮರೆತಿದ್ದಳು.

ಫೋಟೋದಲ್ಲಿ ಒಬ್ಬ ಹುಡುಗಿ ಗಾಳಿಯಲ್ಲಿದ್ದಳು. ಕಾಲಿಗೆ ಬೂಟಿಲ್ಲ, ಚಪ್ಪಲಿಯೂ ಇಲ್ಲ. ಎರಡೂ ಕೈ ಮೇಲೆ, ಜಡೆ ಹಿಂದೆ. ಅವಳ ನೆರಳು ಎಲ್ಲೋ ಕೆಳಗೆ ಬಿದ್ದಿತ್ತು. ಫೋಟೋದ ಕೆಳಗೆ ಕೆಂಪು ಅಕ್ಷರದಲ್ಲಿ, "ಐದು ಮೀಟರ್ ದಾಟಿದ ಮಾಳಮ್ಮ!" ಎಂದಿತ್ತು. ಮೇಲೆ ಇನ್ನೂ ದೊಡ್ಡದಾಗಿ ಪತ್ರಿಕೆಯ ಹೆಸರು: "ಸೀಟಿ".

ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲೂಕಿನ ಆಟದ ಸುದ್ದಿಗಾಗಿಯೇ ಒಂದು ಪತ್ರಿಕೆ! ಅದನ್ನು ಹೊರಡಿಸಲು ಮಾಮಾ ಮತ್ತು ಫೋಟೋ ತೆಗೆಯುವ ಗುಲಫಶಾ ಅಕ್ಕ ಮೂರು ತಿಂಗಳಿಂದ ಆಳಂದದ ಸೈಕಲ್ ಅಂಗಡಿಯ ಮೇಲಿನ ಈ ಸಣ್ಣ ರೂಮಿನಲ್ಲಿ ಒದ್ದಾಡುತ್ತಿದ್ದರು. ಜಾಹೀರಾತು ಕೊಡ್ತೇನಿ ಅಂದಿದ್ದ ಅಂಗಡಿಯವರು ಫೋನೇ ಎತ್ತುತ್ತಿರಲಿಲ್ಲ. ಕಬಡ್ಡಿ ಬಗ್ಗೆ ಬರೀತೇನಿ ಅಂದವರು ಒಂದು ಸಾಲೂ ಬರೆದಿರಲಿಲ್ಲ. "ಇಲ್ಲಿ ಆಟದ ಪೇಪರ್ ಯಾರು ಓದ್ತಾರೋ?" ಎಂದು ನಕ್ಕವರಿಗಂತೂ ಲೆಕ್ಕವಿಲ್ಲ. ಮಾಮಾನ ಗಡ್ಡ ಬೆಳೆದಿತ್ತು. ಚಹಾ ಕುಡಿಯುವುದು ಅದಕ್ಕಿಂತ ಹೆಚ್ಚು ಬೆಳೆದಿತ್ತು.

ಈಗ ಉಳಿದಿದ್ದು ಇವತ್ತೊಂದೇ ದಿನ. ಜೇವರ್ಗಿಯ ಪ್ರೆಸ್ಸಿನ ಖಲೀಲಭಾಯಿ ಬೆಳಗ್ಗೆಯೇ ಫೋನ್ ಮಾಡಿ ಹೇಳಿದ್ದರು: "ಸಂಜಿ ಐದರೊಳಗ ಕವರ್ ಪೇಜು, ಒಳಗಿನ ಸುದ್ದಿ ಎಲ್ಲಾ ಕಳಸ್ರಿ. ನಾಳಿಯಿಂದ ಮದುವಿ ಕಾರ್ಡಿನ ಕೆಲಸ ಹಿಡಿದೇನಿ. ಆಮ್ಯಾಲ ಒಂದು ತಿಂಗಳು ನಿಮಗ ಮಶೀನ್ ಸಿಗಂಗಿಲ್ಲ."

"ಪಂಚೂ!"

ಪಂಚಶೀಲಾ ಬೆಚ್ಚಿಬಿದ್ದು ಬ್ಯಾಗಿನಿಂದ ಅಂಕದ ಬುಕ್ ತೆಗೆದಳು.

ಈ ಬುಕ್ಕಿನ ಮೇಲೆ ಅವಳಿಗೆ ಭಾರಿ ಹೆಮ್ಮೆ. ಪತ್ರಿಕೆಯ ಹೆಸರು ನಾಲ್ಕು ಮಂದಿಗೆ ಗೊತ್ತಾಗಲಿ ಎಂದು ಹೋದ ಭಾನುವಾರ ಮಾಮಾ ತಾನೇ ಒಂದು ಕ್ರೀಡಾಕೂಟ ಮಾಡಿಸಿದ್ದ. ಅಳತೆಗೆ ಪಂಚಶೀಲಾಳ ಶಾಲೆಯಿಂದ ಉದ್ದನೆಯ ಬಟ್ಟೆ ಟೇಪು ಕೇಳಿ ತಂದಿದ್ದ. ಆ ಟೇಪಿನ ತುದಿಯನ್ನು ದಸರಾ ರಜೆಯಲ್ಲಿ ಇಲಿ ತಿಂದುಹಾಕಿತ್ತು. ಸರಿಯಾಗಿ ಇಪ್ಪತ್ತು ಸೆಂಟಿಮೀಟರ್! ಅಳತೆಪಟ್ಟಿ ಇಟ್ಟುಕೊಂಡೇ ತಿಂದಿರಬೇಕು ಆ ಇಲಿ. ಅದಕ್ಕೇ ಮಾಮಾ ಹೇಳಿದ್ದ, "ಕೂಗೂದು ನಂದು, ಕಳೆಯೂದು ನಿಂದು. ನಾ ಎಷ್ಟು ಅಂತೇನೋ ಅದನ್ನ ಮೊದಲು ಬರಿ. ಇಪ್ಪತ್ತು ಕಳಿ. ಉಳಿದಿದ್ದನ್ನ ಕೆಳಗ ಬರಿ."

ಹಾಗೇ ಇಡೀ ದಿನ ಬರೆದಿದ್ದಳು. ಅದಕ್ಕೆ ಬಹುಮಾನವಾಗಿ ಪತ್ರಿಕೆಯ ಎರಡನೇ ಪುಟದಲ್ಲಿ "ಅಂಕ ಬರೆದವರು: ಪಂಚಶೀಲಾ, ಐದನೇ ತರಗತಿ" ಎಂದು ಅಚ್ಚಾಗುವುದಿತ್ತು. ಈ ಸುದ್ದಿ ಅವಳ ಕ್ಲಾಸಿಗೆಲ್ಲ ಆಗಲೇ ಮುಟ್ಟಿಯಾಗಿತ್ತು. ಮುಟ್ಟಿಸಿದ್ದು ಯಾರು ಅಂತ ಬೇರೆ ಹೇಳಬೇಕಿಲ್ಲ.

ಪಂಚಶೀಲಾ ಲಾಂಗ್ ಜಂಪ್ ಪುಟ ತೆರೆದಳು. "ಎರಡನೇ ನಂಬರ್ ಜಸ್ಮೀನ, ಮಾಮಾ. ನಾಲ್ಕು ಅರವತ್ತೊಂದು."

ಜಸ್ಮೀನಳ ಹೆಸರಿನ ಮುಂದೆ ಎರಡು ಸಂಖ್ಯೆ ಇದ್ದವು. ಮೇಲೆ 4.81, ಅದನ್ನು ಹೊಡೆದುಹಾಕಿದ ಒಂದು ಗೆರೆ. ಕೆಳಗೆ 4.61. ಎಲ್ಲರ ಹೆಸರಿನ ಮುಂದೆಯೂ ಹೀಗೆಯೇ ಎರಡೆರಡು ಸಂಖ್ಯೆ ಇದ್ದವು.

ಮಾಳಮ್ಮನ ಹೆಸರಿನ ಮುಂದೆ ಮಾತ್ರ ಒಂದೇ ಒಂದು ಇತ್ತು. 5.04.

ಪಂಚಶೀಲಾ ಪುಟವನ್ನು ಕಣ್ಣಿನ ಹತ್ತಿರ ಹಿಡಿದಳು.

ಅವಳಿಗೆ ಎಲ್ಲ ನೆನಪಾಯಿತು. ಮಾಳಮ್ಮ ದೂರದಿಂದ ಓಡಿ ಬಂದಿದ್ದು, ಗೆರೆಯ ಹತ್ತಿರ ಕಾಲು ಊರಿ ಎದ್ದಿದ್ದು, ಎದ್ದವಳು ಕೆಳಗೆ ಬರುವುದನ್ನೇ ಮರೆತಂತೆ ಹೋಗಿದ್ದು. ಮಂದಿಯೆಲ್ಲ ಉಸಿರು ಹಿಡಿದಿದ್ದರು. ಪಂಚಶೀಲಾ ಬಾಯಿ ತೆರೆದುಕೊಂಡು ನಿಂತಿದ್ದಳು. ಮಾಮಾ "ಐದು ಸೊನ್ನೆ ನಾಲ್ಕು!" ಎಂದು ಕೂಗಿದಾಗ ಕೈ ತಾನಾಗಿ ಬರೆದಿತ್ತು. ಕಳೆಯುವುದು ಮರೆತೇ ಹೋಗಿತ್ತು. ಮಾಮಾ ಸಂಜೆ ಅದನ್ನೇ ಮೈಕಿನಲ್ಲಿ ಓದಿದ್ದ.

ಫೋನ್ ರಿಂಗಾಯಿತು. "ಹಾಂ, ಖಲೀಲಭಾಯಿ! ಐದರ ತನಕ ಯಾಕ್ರಿ, ಈಗಽ ಕಳಸ್ತೇನಿ!" ಎಂದು ನಗುತ್ತ ಮಾಮಾ ಬೆರಳನ್ನು ಕೀ ಮೇಲಿಟ್ಟ.

ಬಾಯಿ ಮುಚ್ಚಿಕೊಂಡು ಇದ್ದುಬಿಟ್ಟರೆ? ಯಾರೂ ಈ ಬುಕ್ ನೋಡುವುದಿಲ್ಲ. ಕವರ್ ಹೀಗೇ ಚಂದ ಬರುತ್ತದೆ. ಮಾಮಾ ನಗುತ್ತಲೇ ಇರುತ್ತಾನೆ. ಪಂಚಶೀಲಾಗೆ ಅಳು ಬಂತು.

"ಮಾಮಾ, ಕಳಸಬ್ಯಾಡ! ನಾ ಇಪ್ಪತ್ತು ಕಳದಿಲ್ಲ!"

ಮಾಮಾ ಬುಕ್ ನೋಡಿದ. ಮತ್ತೆ ನೋಡಿದ. ಐದು ಸೊನ್ನೆ ನಾಲ್ಕರಲ್ಲಿ ಇಪ್ಪತ್ತು ಹೋದರೆ ನಾಲ್ಕು ಎಂಬತ್ತನಾಲ್ಕು. ಅದಕ್ಕೆ ಬುಕ್ ಎರಡು ಸಲ ನೋಡುವುದು ಬೇಕಿರಲಿಲ್ಲ. ಅವನು ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡ.

"ಊರ ತುಂಬ ಬ್ಯಾನರ್ ಹಚ್ಚೀವಿ. ಐದು ಮೀಟರ್, ಐದು ಮೀಟರ್ ಅಂತ," ಎಂದ ಮೆಲ್ಲಗೆ. "ಹ್ಯಾಂಗೂ ಅಕಿನೇ ಫಸ್ಟ್. ಅದೇನೂ ಬದಲ ಆಗಂಗಿಲ್ಲ. ಇದು ಯಾರಿಗೆ ಗೊತ್ತಾಗ್ತದ ಗುಲಫಶಾ?"

"ಈ ರೂಮಿನ್ಯಾಗ ಮೂರು ಮಂದಿಗೆ ಆಗಲೇ ಗೊತ್ತಾಗ್ಯಾದಲ್ರಿ ಶಾಂತಣ್ಣ," ಎಂದಳು ಗುಲಫಶಾ, ಕ್ಯಾಮೆರಾ ಬ್ಯಾಗಿಗೆ ಹಾಕುತ್ತ. "ನಡೀರಿ. ಅಫಜಲಪುರದ ಬಸ್ ಇನ್ನ ಹತ್ತು ನಿಮಿಷಕ್ಕದ. ಆ ಹುಡುಗಿಗೆ ನಾವೇ ಹೇಳಬೇಕು. ಪೇಪರ್‌ನ್ಯಾಗ ಓದಿ ತಿಳಕೊಳ್ಳೂದಲ್ಲ ಇದು."

ಬಸ್ಸಿನಲ್ಲಿ ಗುಲಫಶಾ ಅಕ್ಕನಿಗೂ ಪಂಚಶೀಲಾಗೂ ಜೀರೋ ಟಿಕೆಟ್ ಸಿಕ್ಕಿತು. ಬೇರೆ ದಿನವಾಗಿದ್ದರೆ ಪಂಚಶೀಲಾ ದುಡ್ಡು ಕೊಟ್ಟ ಮಾಮಾನನ್ನು ಅಣಕಿಸುತ್ತಿದ್ದಳು. ಇವತ್ತು ಟಿಕೆಟನ್ನು ಮುದ್ದೆ ಮಾಡುತ್ತ ಕೂತಳು. ಲ್ಯಾಪ್‌ಟಾಪಿನ ಬ್ಯಾಗು ತೊಡೆಯ ಮೇಲಿಟ್ಟುಕೊಂಡಿದ್ದ ಮಾಮಾ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಅಫಜಲಪುರದಲ್ಲಿ ಇಳಿದು ಟಂಟಂ ಆಟೋ ಹತ್ತಿ ಮಾಳಮ್ಮನ ಊರು ಮುಟ್ಟುವಾಗ ಮಧ್ಯಾಹ್ನ ಮೂರು ದಾಟಿತ್ತು. ಮನೆಯಲ್ಲಿ ಅವಳಿರಲಿಲ್ಲ. "ಹೊಳಿ ದಂಡ್ಯಾಗ ನೋಡ್ರಿ. ಒಂದು ವಾರದಿಂದ ಅಲ್ಲೇ ಇರ್ತಾಳ," ಎಂದರು ಅವಳ ತಾಯಿ.

ಭೀಮಾ ನದಿಯಲ್ಲಿ ನೀರು ಆಚೆಗೆ ಸರಿದಿತ್ತು. ಈಚೆಗೆ ಉದ್ದಕ್ಕೂ ಮರಳು. ಅದರ ನಡುವೆ ಮಾಳಮ್ಮ ಒಬ್ಬಳೇ ಕೂತು, ಕಬ್ಬಿಣದ ಸಣ್ಣ ಟೇಪನ್ನು ಸುತ್ತುತ್ತಿದ್ದಳು. ಮೊಣಕಾಲಿನ ತನಕ ಮರಳು ಮೆತ್ತಿತ್ತು. ಇವರನ್ನು ಕಂಡು ಗಾಬರಿಯಾಗಿ ಎದ್ದು ನಿಂತಳು.

"ಮಾಳಮ್ಮ ಅಕ್ಕಾ..." ಪಂಚಶೀಲಾ ಬಸ್ಸಿನಲ್ಲಿ ಹತ್ತು ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ನೀ ಐದು ಮೀಟರ್ ಹಾರಿಲ್ಲ. ನಾ ತಪ್ಪು ಬರದೀನಿ. ನಾಲ್ಕು ಎಂಬತ್ನಾಲ್ಕು."

ಮಾಳಮ್ಮ ಅಳುತ್ತಾಳೆ ಅಂದುಕೊಂಡಿದ್ದಳು ಪಂಚಶೀಲಾ. ಇಲ್ಲವೇ ಬೈಯುತ್ತಾಳೆ. ಮಾಳಮ್ಮ ಎರಡೂ ಮಾಡಲಿಲ್ಲ. ಅಲ್ಲೇ ಮರಳಿನ ಮೇಲೆ ಕೂತು ದೊಡ್ಡ ಉಸಿರು ಬಿಟ್ಟಳು.

"ಖರೇನಾ?" ಎಂದಳು. "ಹಂಗಾದ್ರ ನನ್ನ ಕಾಲಿಗೆ ಏನೂ ಆಗಿಲ್ಲ!"

ಮೂವರಿಗೂ ಅರ್ಥವಾಗಲಿಲ್ಲ. ಮಾಳಮ್ಮ ಕೈಯಲ್ಲಿದ್ದ ಟೇಪು ತೋರಿಸಿದಳು.

"ನಮ್ಮಪ್ಪ ಗೌಂಡಿ ಅದಾನ್ರಿ. ಮನಿ ಕಟ್ಟೂ ಟೇಪು ಇದು. ಅಪ್ಪಗ ಸೂಟಿ ಇದ್ದಾಗ, ಕೆಲಸದಿಂದ ಬಂದಾಗ, ಟೇಪು ನಂದು. ಇದು ಬರೋಬ್ಬರಿ ಐದು ಮೀಟರಿಗೆ ಮುಗೀತದ. ಒಂದು ದಿನ ಈ ಟೇಪು ಮುಗಿಸಬೇಕಂತ ಹಾರಾಕತ್ತೇನಿ. ಆಳಂದದಾಗ ಮುಗಿಸಿದಿ ಅಂದ್ರಿ. ಮನಿಗೆ ಬಂದು ಹಾರಿದ್ರ ಟೇಪು ಮುಗಿಯೂದಽ ಇಲ್ಲ. ಒಂದು ವಾರ ಹಾರೀನ್ರಿ. ಅಲ್ಲಿ ಹಾರಿದ್ದು ಇಲ್ಲಿ ಯಾಕ ಬರವಲ್ದು? ಕಾಲು ಕೆಟ್ಟಾವು ಅಂತ ತಿಳಕೊಂಡಿದ್ದೆ."

ಪಂಚಶೀಲಾ ಅವಳ ಕಾಲು ನೋಡಿದಳು. ಹಿಮ್ಮಡಿ ಒಡೆದು ಕೆಂಪಾಗಿತ್ತು. ಮರಳಿನ ತುಂಬ ಹಾರಿ ಬಿದ್ದ ಗುಳಿಗಳು, ಎಣಿಸಲಾರದಷ್ಟು. ತಾನು ಕಳೆಯಲು ಮರೆತ ಇಪ್ಪತ್ತು ಸೆಂಟಿಮೀಟರ್ ಹುಡುಕುತ್ತ ಮಾಳಮ್ಮ ಒಂದು ವಾರ ಹಾರಿದ್ದಾಳೆ!

ಮಾಮಾ ಕೂಡ ಆ ಗುಳಿಗಳನ್ನೇ ನೋಡುತ್ತಿದ್ದ. "ತಪ್ಪಾತವ್ವಾ," ಎಂದ. ಅವನ ದನಿ ಗಟ್ಟಿಯಾಗಿ ಬರಲಿಲ್ಲ.

"ಈಗ ಹಾರ್ಲೇನ್ರಿ?" ಎಂದಳು ಮಾಳಮ್ಮ ಎದ್ದು, ಲಂಗದ ಮರಳು ಕೊಡವಿಕೊಂಡು. "ನೀವು ಬಂದೀರಿ, ಟೇಪೂ ಅದ. ಮೂರು ಸಲ ಹಾರ್ತೇನಿ. ಎಷ್ಟು ಆಗ್ತದೋ ಅಷ್ಟಽ ಬರ್ಕೋರಿ." ಆಮೇಲೆ ಪಂಚಶೀಲಾಳ ಕಡೆ ತಿರುಗಿದಳು. "ತಂಗಿ, ಗೆರಿ ನೀನೇ ನೋಡು. ಬೆರಳು ದಾಟಿದ್ರ ಹೇಳಬೇಕು ಮತ್ತ."

ಪಂಚಶೀಲಾ ಗೆರೆಯ ಪಕ್ಕ ಮಂಡಿಯೂರಿ ಕೂತಳು. ಈ ಸಲ ಮೇಲೆ ನೋಡುವುದಿಲ್ಲ, ಏನೇ ಆದರೂ ಗೆರೆ ಬಿಟ್ಟು ಕಣ್ಣು ಎತ್ತುವುದಿಲ್ಲ ಎಂದುಕೊಂಡಳು.

ಮೊದಲ ಸಲ ನಾಲ್ಕು ಎಪ್ಪತ್ತೊಂಬತ್ತು.

ಎರಡನೇ ಸಲ ಮಾಳಮ್ಮ ಬಿದ್ದ ಕೂಡಲೇ ಮಾಮಾ ಕುಣಿದೇಬಿಟ್ಟ. "ಐದು! ಟೇಪು ಮುಗೀತು ನೋಡು ಗುಲಫಶಾ, ಐದು!"

ಪಂಚಶೀಲಾ ಗೆರೆ ನೋಡಿದಳು. ಗೆರೆಯ ಆಚೆ ಹೆಬ್ಬೆರಳಿನ ಗುರುತು ಇತ್ತು. ಎರಡು ಬೆರಳಿನಷ್ಟು, ಅಷ್ಟೇ. ಆದರೂ ಕೈ ಮೇಲೆತ್ತಿದಳು.

"ಫೌಲ್."

ಮಾಮಾ ಕುಣಿಯುವುದನ್ನು ನಿಲ್ಲಿಸಿದ. ಮಾಳಮ್ಮ ನಡೆದು ಬಂದು ಬಗ್ಗಿ ನೋಡಿದಳು. "ಹೌದು," ಎಂದಳು. ಕಾಲಿನಿಂದ ಆ ಗುರುತನ್ನು ಅಳಿಸಿ ಮತ್ತೆ ದೂರ ಹೋಗಿ ನಿಂತಳು.

ಮೂರನೆಯದು. ಪಂಚಶೀಲಾಗೆ ಹೆಜ್ಜೆಯ ಸದ್ದು ಕೇಳಿಸಿತು. ದಪ್ ದಪ್ ದಪ್, ಹತ್ತಿರ, ಇನ್ನೂ ಹತ್ತಿರ. ಪಕ್ಕದಲ್ಲೇ ಒಂದು ಕಾಲು ಗೆರೆಯ ಈಚೆ ಊರಿ ಎದ್ದಿತು. ಆಮೇಲೆ ಏನೂ ಇಲ್ಲ. ಸದ್ದೇ ಇಲ್ಲ. ಹೊಳೆ, ಗಾಳಿ, ಮಾಮಾ, ಎಲ್ಲವೂ ಸುಮ್ಮನಾದಂತಾಯಿತು. ಪಂಚಶೀಲಾಳ ಮೈ ಜುಮ್ ಎಂದಿತು. ಒಬ್ಬರು ಗಾಳಿಯಲ್ಲಿದ್ದಾಗ ಹೀಗಿರುತ್ತದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಆಮೇಲೆ ದೂರದಲ್ಲಿ ಮರಳು ದಸಕ್ ಎಂದಿತು.

ಗುಲಫಶಾ ಅಕ್ಕ ಟೇಪು ಹಿಡಿದು ಓದಿದಳು. ನಾಲ್ಕು ತೊಂಬತ್ತೊಂದು. ಹಿಮ್ಮಡಿಯ ಗುರುತಿನಿಂದ ಆಚೆಗೆ ಟೇಪು ಇನ್ನೂ ಸ್ವಲ್ಪ ಉಳಿದಿತ್ತು. ಅವಳು ಅದರ ಫೋಟೋ ತೆಗೆದಳು. ಪಂಚಶೀಲಾ ಬುಕ್ಕಿನಲ್ಲಿ ಬರೆದಳು. ಈ ಟೇಪಿಗೆ ಏನೂ ಕಳೆಯಬೇಕಿರಲಿಲ್ಲ.

"ಒಂಬತ್ತು ಸೆಂಟಿಮೀಟರ್ ಕಮ್ಮಿ ಬಿತ್ತಲ್ಲ ಅಕ್ಕಾ," ಎಂದಳು ಮೆಲ್ಲಗೆ.

ಮಾಳಮ್ಮ ಬುಕ್ ಇಸಿದುಕೊಂಡು ಆ ಸಂಖ್ಯೆಯ ಮೇಲೆ ಬೆರಳಾಡಿಸಿದಳು. ಅವಳ ಮುಖ ಅರಳಿತ್ತು. "ಇಷ್ಟು ದೂರ ನಾ ಯಾವತ್ತೂ ಹಾರಿದ್ದಿಲ್ಲ. ಇದು ನಂದು," ಎಂದಳು.

ಮಾಮಾ ಲ್ಯಾಪ್‌ಟಾಪ್ ಹಿಡಿದು ಹೊಳೆಯ ಒಡ್ಡಿನ ಮೇಲೆ ಹತ್ತಿ ನಿಂತು ಖಲೀಲಭಾಯಿಗೆ ಕವರ್ ಕಳಿಸಿದ. ನೆಟ್‌ವರ್ಕ್ ಅಲ್ಲಿ ಮಾತ್ರ ಸಿಗುತ್ತಿತ್ತು. ಗಾಳಿಯಲ್ಲಿದ್ದ ಮಾಳಮ್ಮ ಹಾಗೇ ಇದ್ದಳು, ಕೆಂಪು ಅಕ್ಷರ ಬದಲಾಗಿತ್ತು: "ಇನ್ನೊಂಬತ್ತು ಸೆಂಟಿಮೀಟರ್!" ಒಳಗೆ ತಪ್ಪಾದ ಅಳತೆಯ ಸುದ್ದಿಯನ್ನೂ, ಇಲಿಯ ಸುದ್ದಿಯನ್ನೂ ಮಾಮಾ ತಾನೇ ಬರೆದಿದ್ದ. ಆಗ ಐದಕ್ಕೆ ಇನ್ನೂ ಆರು ನಿಮಿಷ ಇತ್ತು.

ವಾಪಸ್ ಬರುವಾಗ ಬಸ್ಸಿನಲ್ಲಿ ಪಂಚಶೀಲಾಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಎರಡನೇ ಪುಟದಲ್ಲಿ ತನ್ನ ಹೆಸರು ಉಳಿದಿದೆಯೋ ಇಲ್ಲವೋ ಎಂದು ಮಾಮಾನನ್ನು ಕೇಳುವುದು ಅವಳಿಗೆ ಮರೆತೇಹೋಗಿತ್ತು. ಅವಳು ಕಂಪಾಸ್ ಬಾಕ್ಸಿನಿಂದ ಸ್ಕೇಲು ತೆಗೆದು, ತನ್ನ ಅಂಗೈ ಅಗಲ ಅಳೆದಳು. ಹೆಬ್ಬೆರಳು ಸೇರಿ ಸರಿಯಾಗಿ ಒಂಬತ್ತು ಸೆಂಟಿಮೀಟರ್.

ಆ ಅಂಗೈಯನ್ನು ಕಿಟಕಿಯ ಸರಳಿಗೆ ಒತ್ತಿ ಹಿಡಿದು, ಆಳಂದ ಬರುವ ತನಕ ಅದನ್ನೇ ನೋಡುತ್ತ ಕೂತಳು.