ಹುಂಜ ಬಿಟ್ಟು ಹೇಂಟೆ ಕದ್ದವರು

2025ರ ಜನವರಿ 10, ಶುಕ್ರವಾರ, ವೈಕುಂಠ ಏಕಾದಶಿ. ಮಧ್ಯಾಹ್ನ 12 ಗಂಟೆ 20 ನಿಮಿಷಕ್ಕೆ ಚಾಮರಾಜಪೇಟೆಯ ನಾರಾಯಣಪ್ಪ ಎಂಬ ಅರವತ್ತೆಂಟು ವರ್ಷದವರು ಠಾಣೆಗೆ ಬಂದು, ತಮ್ಮ ಮನೆಯ ಹಿತ್ತಲಿನಿಂದ ಕೋಳಿ ಕಳುವಾಗಿದೆ ಎಂದು ದೂರು ಕೊಟ್ಟರು.

ಇನ್ಸ್‌ಪೆಕ್ಟರ್ ವಾದಿರಾಜ ಬೆಳಗಿನ ಜಾವದಿಂದ ದೇವಸ್ಥಾನದ ಬಂದೋಬಸ್ತು ಮುಗಿಸಿ ಆಗಷ್ಟೇ ಕುರ್ಚಿಗೆ ಒರಗಿದ್ದರು. ಉಪವಾಸ ಬೇರೆ. ಎನ್.ಆರ್. ಕಾಲೋನಿಯ ಅವರ ಮನೆಯೊಳಗೆ ಕೋಳಿಯಿರಲಿ, ಮೊಟ್ಟೆ ಕೂಡ ಬಂದದ್ದಿಲ್ಲ. ಆದರೂ ದೂರು ದೂರೇ.

"ಎಷ್ಟು ಕೋಳಿ?"

"ಒಂದು, ಸಾರ್."

"ಒಂದೇನಾ?"

"ಒಂದೇ. ಬೂದಿ ಯಾಟೆ. ಹುಂಜಗಳು ಅಲ್ಲೇ ಅವೆ."

ಯಾಟೆ ಎಂದರೆ ಹೇಂಟೆ, ಹೆಣ್ಣುಕೋಳಿ ಎಂದು ಹೆಡ್ ಕಾನ್‌ಸ್ಟೇಬಲ್ ದಾಸಪ್ಪ ಪಕ್ಕದಿಂದ ತಿಳಿಸಿದರು. ಕನಕಪುರದ ಕಡೆಯವರಾದ ಅವರಿಗೆ ಇದೆಲ್ಲ ಗೊತ್ತು. ಇದು ಸಾರಿಗೆ ಸಾಕುವ ಕೋಳಿಯಲ್ಲ, ಹಿಂದೆ ಪಂದ್ಯಕ್ಕೆ ಬಿಡುತ್ತಿದ್ದ ಜಾತಿ. ನಾರಾಯಣಪ್ಪನ ಮನೆಯಲ್ಲಿ ಮೂರು ತಲೆಮಾರಿನಿಂದ ಅದೇ ತಳಿ ನಡೆದುಬಂದಿದೆ.

"ಬೆಲೆ ಎಷ್ಟು?"

"ಮಾರೋ ಕೋಳಿ ಅಲ್ಲ ಅದು. ಬೆಲೆ ಹೆಂಗೆ ಹೇಳ್ಲಿ?"

ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ಕಳವಾದರೆ ನ್ಯಾಯಾಲಯದ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡುವ ಹಾಗಿಲ್ಲ. ದಾಸಪ್ಪ ಬಗ್ಗಿ, "ಅದರ ನಾಕೈದು ಪಟ್ಟು ಕೊಡೋರು ಇದಾರೆ ಸಾರ್, ಧೈರ್ಯವಾಗಿ ಬರೀರಿ" ಎಂದರು. 12 ಗಂಟೆ 55ಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 303(2)ರ ಕೆಳಗೆ ಎಫ್.ಐ.ಆರ್. ದಾಖಲಾಯಿತು.

2 ಗಂಟೆ 15ಕ್ಕೆ ಸ್ಥಳ ಪಂಚನಾಮೆ. ಹಳೆಯ ಹೆಂಚಿನ ಮನೆಯ ಹಿಂದೆ ಉದ್ದನೆಯ ಹಿತ್ತಲು. ಗೋಡೆಗೆ ಸೇರಿಸಿ ಕಟ್ಟಿದ ಹನ್ನೆರಡು ಗೂಡು. ಹನ್ನೆರಡರಲ್ಲಿ ಎಂಟು ಖಾಲಿ. ಒಂದರಲ್ಲಿ ಕಪ್ಪು ಮಿರುಗುವ ದೊಡ್ಡ ಹುಂಜ, ಎರಡರಲ್ಲಿ ಎಳೆ ಹುಂಜಗಳು, ಮತ್ತೊಂದರಲ್ಲಿ ಮೊಟ್ಟೆ ನಿಲ್ಲಿಸಿ ವರ್ಷಗಳಾದ ಮುದಿ ಹೇಂಟೆ. ಹೇಂಟೆ ಕಳುವಾದ ಗೂಡಿನ ಚಿಲಕ ಮುರಿದಿರಲಿಲ್ಲ. ತೆಗೆದವರು ಮತ್ತೆ ಹಾಕಿ ಹೋಗಿದ್ದರು. ನೆಲದ ಮೇಲೆ ಒಂದು ಪುಕ್ಕವೂ ಉದುರಿರಲಿಲ್ಲ. ಕಾನ್‌ಸ್ಟೇಬಲ್ ಯಶಶ್ರೀ ಗೂಡುಗಳನ್ನೂ ಹಕ್ಕಿಗಳನ್ನೂ ಒಂದೊಂದಾಗಿ ಫೋಟೋ ತೆಗೆದಳು. ಕಪ್ಪು ಹುಂಜ ಅವಳ ಕಡೆಗೆ ಒಮ್ಮೆ ಹಾರಿ ಸರಳಿಗೆ ಒದ್ದಿತು.

ಬೆಳಿಗ್ಗೆ ಎಂಟರಿಂದ ಹನ್ನೊಂದೂವರೆಯವರೆಗೆ ಗಂಡ ಹೆಂಡತಿ ದೇವಸ್ಥಾನದ ಸಾಲಿನಲ್ಲಿ ನಿಂತಿದ್ದರು. ಮನೆಯಲ್ಲಿ ಯಾರೂ ಇರಲಿಲ್ಲ.

"ಯಾರ ಮೇಲಾದ್ರೂ ಅನುಮಾನ?"

"ಯಾರೂ ಇಲ್ಲ ಸಾರ್."

"ಪಂದ್ಯಕ್ಕೆ ಬಿಡ್ತೀರಾ?"

"ನಮ್ಮಪ್ಪನ ಕಾಲಕ್ಕೆ ಮುಗೀತು. ಕಾದಾಡ್ಸೋದು ಬೇರೆ, ತಳಿ ಕಾಯೋದು ಬೇರೆ. ನಮ್ ತಳಿಗೆ ಹೊರಗಿನ ರಕ್ತ ಒಂದು ಹನಿ ಸೇರಿಲ್ಲ."

ಅದನ್ನು ಹೇಳುವಾಗ ನಾರಾಯಣಪ್ಪನ ಬೆನ್ನು ನೆಟ್ಟಗಾಯಿತು. ಅಷ್ಟು ಹೆಮ್ಮೆಯ ತಳಿಗೆ ಎಂಟು ಗೂಡು ಖಾಲಿ ಯಾಕೆ ಎಂದು ವಾದಿರಾಜರಿಗೆ ಅನ್ನಿಸಿತು. ಕೇಳಿದ್ದಕ್ಕೆ, "ಮರಿ ನಿಲ್ತಿಲ್ಲ ಸಾರ್" ಎಂದಷ್ಟೇ ಉತ್ತರ ಬಂತು.

ಸಂಕ್ರಾಂತಿಗೆ ನಾಲ್ಕೇ ದಿನ. ಆಂಧ್ರದ ಗಡಿಯಲ್ಲಿ ಕೋಳಿ ಪಂದ್ಯ ನಡೆಸುವವರು ಆ ವಾರ ಊರೂರಿನಿಂದ ಕೋಳಿ ಎತ್ತಿಸುತ್ತಾರೆಂಬುದು ದಾಸಪ್ಪನವರ ಲೆಕ್ಕ. ಹಳೆಯ ಜೂಜು ಪ್ರಕರಣಗಳಲ್ಲಿ ಹೆಸರಿದ್ದ ಏಳು ಜನರನ್ನು ಕರೆಸಿ ವಿಚಾರಿಸಿದ್ದಾಯಿತು. ಏಳೂ ಜನ ಒಂದೇ ಮಾತು ಕೇಳಿದರು: ಹೇಂಟೆ ತಗೊಂಡು ನಾವೇನ್ ಮಾಡಣ? ಎದುರು ಮನೆಯ ಸಿಸಿಟಿವಿಯ ಆ ದಿನದ ದೃಶ್ಯವನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಯಶಶ್ರೀ ಮೂರೂವರೆ ಗಂಟೆ ನೋಡಿದಳು. ಚೀಲ ಹಿಡಿದ ಅನುಮಾನಾಸ್ಪದ ಗಂಡಸರು ಕಾಣಲಿಲ್ಲ ಎಂದು ವರದಿ ಬರೆದಳು. ಕಡತ ಮೇಜಿನ ಮೂಲೆ ಸೇರಿತು.

ಆದರೆ ಆ ಹೇಂಟೆ ವಾದಿರಾಜರ ತಲೆಯಿಂದ ಹೋಗಲಿಲ್ಲ. ಎದುರಿಗೆ ರಾಜನ ಹಾಗೆ ಹುಂಜ ನಿಂತಿರುವಾಗ ಅದನ್ನು ಬಿಟ್ಟು ಬೂದಿ ಬಣ್ಣದ ಒಂದು ಹೇಂಟೆಯನ್ನು ಹೊತ್ತುಕೊಂಡು ಹೋದವನು ಎಂಥವನಿರಬೇಕು? ಊಟಕ್ಕೆ ಕೂತಾಗಲೂ ಅದೇ ಯೋಚನೆ. ಮಡದಿ ಭಾಗೀರಥಮ್ಮನವರ ಎದುರು ಬಾಯಿ ಬಿಡುವ ಹಾಗಿರಲಿಲ್ಲ. ತಟ್ಟೆಯ ಮುಂದೆ ಕೋಳಿಯ ಸುದ್ದಿ ಎತ್ತಿದರೆ ಅವರು ಎದ್ದು ಒಳಗೆ ಹೋಗುವವರು.

ಜನವರಿ 28ರ ಬೆಳಿಗ್ಗೆ 11ಕ್ಕೆ ಲೋಹಿತ್ ಎಂಬವನನ್ನು ಕರೆಸಿದರು. ಹಕ್ಕಿಗಳ ಕಾಳಿನ ಅಂಗಡಿ ಇಟ್ಟುಕೊಂಡ ಇಪ್ಪತ್ತಾರರ ಹುಡುಗ. ಕಪ್ಪು ಹುಂಜವನ್ನು ಕೊಡಿ ಎಂದು ನಾರಾಯಣಪ್ಪನವರನ್ನು ಎರಡು ಸಲ ಕೇಳಿದ್ದ.

"10ನೇ ತಾರೀಕು ಬೆಳಿಗ್ಗೆ ಎಲ್ಲಿದ್ದೆ?"

"ಅಂಗಡೀಲಿ ಸಾರ್. ಬಿಲ್ಲು, ಕ್ಯಾಮೆರಾ ಎರಡೂ ಇದೆ, ನೋಡ್ಕೊಳ್ಳಿ. ನಾನು ಕೇಳಿದ್ದು ಹುಂಜ. ಯಾಟೆ ಕೇಳೋ ಧೈರ್ಯ ನಂಗಿಲ್ಲ."

"ಯಾಕೆ?"

"ತಳಿ ಮಾಡೋರು ಹುಂಜ ಕೊಡ್ತಾರೆ, ಯಾಟೆ ಕೊಡಲ್ಲ ಸಾರ್. ಹುಂಜ ಹೋದ್ರೆ ಒಂದು ಕೋಳಿ ಹೋಯ್ತು ಅಷ್ಟೇ. ಯಾಟೆ ಹೋದ್ರೆ ಮನೆತನವೇ ಬೇರೆಯವರ ಪಾಲಾಯ್ತು. ಮೈಕಟ್ಟು, ಬಣ್ಣ ಹುಂಜದ್ದು. ಎದೆಗಾರಿಕೆ ಬರೋದು ತಾಯಿಯಿಂದ ಅಂತಾರೆ."

ವಾದಿರಾಜರು ವಿಚಾರಣೆಯನ್ನು ಮರೆತು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಲೋಹಿತ್ ಫೋನಿನಲ್ಲಿ ಚಿತ್ರ ತೋರಿಸುತ್ತ ಹೇಳಿದ. ಶುದ್ಧ ತಳಿಗೆ ಮುತ್ತಿನ ಹಾಗೆ ಬಿಳಿಯ ಕಣ್ಣು, ತಲೆಗೆ ಒತ್ತಿಕೊಂಡ ಸಣ್ಣ ಜುಟ್ಟು, ಗಟ್ಟಿ ಮೂಳೆ. ಪ್ರತಿ ಸಲ ಮರಿಗಳಲ್ಲಿ ಗುಣವಿದ್ದವನ್ನೇ ಆರಿಸಿ ಕೂಡಿಸುತ್ತ ಹೋಗಬೇಕು. ಆದರೆ ಒಂದೇ ಮನೆಯೊಳಗೆ ಅಪ್ಪ ಮಗಳು, ಅಣ್ಣ ತಂಗಿ ಎಂದು ಎಷ್ಟೋ ಕಾಲ ಕೂಡಿಸುತ್ತ ಬಂದರೆ ತಳಿ ಕುಸಿಯುತ್ತದೆ.

"ನಾರಾಯಣಪ್ಪನೋರದ್ದು ಕುಸಿದಿದೆ ಸಾರ್. ಹತ್ತು ಮೊಟ್ಟೆಗೆ ಒಂದು ಮರಿ ಬಂದ್ರೆ ಹೆಚ್ಚು. ಅದ್ರಲ್ಲೂ ಬೆರಳು ಸೊಟ್ಟ. ದೂರದ ರಕ್ತ ಸೇರಿಸ್ಬೇಕು. ಹೇಳೋರ್ಯಾರು ಅವ್ರಿಗೆ?"

"ಹಾಗಾದ್ರೆ ಕದ್ದವನು?"

"ಜೂಜುಕೋರ ಅಲ್ಲ. ತಳಿ ಗೊತ್ತಿರೋನು."

ನಡುವೆ ಬೇರೆ ಕೆಲಸಗಳು ಬಂದವು. ಒಂದು ಸರಗಳ್ಳತನ, ಎರಡು ಮೆರವಣಿಗೆ. ಫೆಬ್ರವರಿ 17ರ ಸಂಜೆ ವಾದಿರಾಜರು ಕೋಳಿಯ ಕಡತವನ್ನು ಮತ್ತೆ ಬಿಚ್ಚಿ ಪಂಚನಾಮೆಯನ್ನು ಅಕ್ಷರ ಅಕ್ಷರ ಓದಿದರು. ಎರಡನೆಯ ಪುಟದಲ್ಲಿ ಅವರೇ ಬರೆಸಿದ ಒಂದು ಸಾಲು: 'ಕಪ್ಪು ಹುಂಜದ ಬಲಗಾಲಿನ ಪಾದಕ್ಕೆ ಅರಿಶಿನ ಹಚ್ಚಿ ಹಳೆಯ ಬಟ್ಟೆ ಸುತ್ತಿದೆ. ಅರಿಶಿನ ಹಸಿಯಾಗಿದೆ.'

ಹಸಿಯಾಗಿದೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟವರು ಹಚ್ಚಿದ್ದರೆ ಮಧ್ಯಾಹ್ನ ಎರಡೂಕಾಲಿಗೆ ಅದು ಹಸಿಯಾಗಿರುವುದು ಹೇಗೆ? ಹನ್ನೊಂದೂವರೆಗೆ ಮರಳಿ ಖಾಲಿ ಗೂಡು ಕಂಡವರು ಹುಂಜದ ಕಾಲಿಗೆ ಮದ್ದು ಹಚ್ಚುತ್ತ ಕೂತಿರುತ್ತಾರೆಯೇ?

ಮಾರನೆಯ ದಿನ ಬೆಳಿಗ್ಗೆ 9 ಗಂಟೆಗೆ ಅವರು ದಾಸಪ್ಪನವರ ಜೊತೆ ನಾರಾಯಣಪ್ಪನ ಮನೆಯಲ್ಲಿದ್ದರು.

"ಹುಂಜದ ಕಾಲಿಗೆ ಅರಿಶಿನ ಯಾರು ಹಚ್ಚಿದ್ದು?"

"ನಮ್ಮನೆಯವಳು ಸಾರ್."

ಬಾಗಿಲಲ್ಲಿ ನಿಂತಿದ್ದ ತಿಮ್ಮಕ್ಕ ಗಂಡನ ಮುಖ ನೋಡಿದರು. "ನಾನೆಲ್ಲಿ ಹಚ್ದೆ? ಆ ಹುಂಜದ ಹತ್ರ ಹೋಗಕ್ಕೆ ನಂಗೆ ಭಯ. ನೀವೇ ಕಟ್ಟಿದೀರ ಅಂದ್ಕೊಂಡಿದ್ದೆ."

ನಲವತ್ತು ದಿನ ಇಬ್ಬರೂ ಪರಸ್ಪರ ಹಾಗೇ ಅಂದುಕೊಂಡಿದ್ದರು. ವಾದಿರಾಜರು ಯಶಶ್ರೀ ತೆಗೆದ ಫೋಟೋವನ್ನು ದೊಡ್ಡದು ಮಾಡಿ ಮುಂದೆ ಹಿಡಿದರು. ಬಟ್ಟೆಯ ತುದಿಯನ್ನು ಎರಡಾಗಿ ಸೀಳಿ, ಬೆರಳುಗಳ ನಡುವೆ ತಂದು, ಮೇಲೆ ಚಪ್ಪಟೆಯಾಗಿ ಗಂಟು ಹಾಕಿತ್ತು. ನಾರಾಯಣಪ್ಪ ಕನ್ನಡಕ ಒರೆಸಿಕೊಂಡು ನೋಡಿದರು.

"ಹಿಂಗೆ ಕಟ್ತಿದ್ದಿದ್ದು ನಮ್ಮಪ್ಪ."

"ಅವರಿಂದ ಕಲಿತವರು ಯಾರು?"

"ನಂಗೆ ಬರಲಿಲ್ಲ ಸಾರ್, ಕೈ ಒರಟು. ನಮ್ಮಕ್ಕ ಕಲ್ತಿದ್ಲು. ಮುನಿಯಕ್ಕ ಅಂತ, ಓಕಳಿಪುರಂನಲ್ಲವ್ಳೆ."

"ಅಕ್ಕ ಇದಾರೆ ಅಂತ ಮೊದಲೇ ಯಾಕೆ ಹೇಳ್ಲಿಲ್ಲ?"

"ನೀವು ಕೇಳಿದ್ದು ಕಳ್ಳರ ಹೆಸ್ರು. ಅಕ್ಕನ ಹೆಸರು ಹೆಂಗೆ ಬರೆಸ್ಲಿ?"

ಮೆಲ್ಲಗೆ ಉಳಿದದ್ದೂ ಹೊರಬಂತು. ಎರಡು ವರ್ಷದ ಹಿಂದೆ ಮುನಿಯಕ್ಕ ಬಂದು ಒಂದು ಹೇಂಟೆ ಕೊಡು ಎಂದು ಕೇಳಿದ್ದರು. ಇವರು ಆಗುವುದಿಲ್ಲ ಎಂದಿದ್ದರು. ಮಾತಿಗೆ ಮಾತು ಬೆಳೆದು, ಅಂದಿನಿಂದ ಬರುವುದು ಹೋಗುವುದು ನಿಂತಿತ್ತು.

ಠಾಣೆಗೆ ಮರಳಿ ಯಶಶ್ರೀ ಪೆನ್‌ಡ್ರೈವ್ ಮತ್ತೆ ಹಾಕಿದಳು. ಈ ಸಲ ಹೆಂಗಸರನ್ನು ನೋಡಿದಳು. ಹಬ್ಬದ ದಿನ, ಬೀದಿ ತುಂಬ ಹೂಬುಟ್ಟಿ ಹಿಡಿದವರು. 9 ಗಂಟೆ 47ಕ್ಕೆ ನಾರಾಯಣಪ್ಪನ ಮನೆಯ ಪಕ್ಕದ ಓಣಿಯಿಂದ ಒಬ್ಬ ವಯಸ್ಸಾದ ಹೆಂಗಸು ಹೊರಬಂದರು. ಕಂಕುಳಲ್ಲಿ ಬಿದಿರಿನ ಬುಟ್ಟಿ, ಮೇಲೆ ಬಿಳಿ ಬಟ್ಟೆ. ಅವರ ಬುಟ್ಟಿಯಲ್ಲಿ ಹೂ ಕಾಣುತ್ತಿರಲಿಲ್ಲ.

"ಸಾರಿ ಸಾರ್. ಆವತ್ತೂ ಇವರನ್ನ ನೋಡ್ದೆ. ದೇವಸ್ಥಾನಕ್ಕೆ ಹೋಗ್ತಿದಾರೆ ಅಂದ್ಕೊಂಡೆ."

"ನಾನಿದ್ದಿದ್ರೂ ಹಾಗೇ ಅಂದ್ಕೋತಿದ್ದೆ" ಎಂದರು ವಾದಿರಾಜ.

ಫೆಬ್ರವರಿ 19, ಬುಧವಾರ, ಮಧ್ಯಾಹ್ನ 3 ಗಂಟೆ 10. ಓಕಳಿಪುರಂನಲ್ಲಿ ರೈಲು ಹಳಿಯ ಪಕ್ಕದ ಬೀದಿ. ಕೆಳಗೆ ಹಿಟ್ಟಿನ ಗಿರಣಿ, ಮೇಲೆ ಮನೆ. ಎಪ್ಪತ್ತೆರಡು ವರ್ಷದ ಮುನಿಯಕ್ಕ ರಾಗಿ ಹಿಟ್ಟಿನ ಕೈಯಲ್ಲೇ ಗಿರಣಿಯಿಂದ ಹೊರಬಂದು ಸಮವಸ್ತ್ರ ನೋಡಿದರು. ಹಿಂದೆ ತಮ್ಮ ನಿಂತಿರುವುದನ್ನೂ ನೋಡಿದರು. ಕೋಳಿಯನ್ನು ಗುರುತಿಸಲೆಂದು ನಾರಾಯಣಪ್ಪನನ್ನು ಕರೆತಂದಿದ್ದರು.

"ಮ್ಯಾಲೈತೆ, ಬನ್ನಿ" ಎಂದರು ಆಕೆ. ಅಷ್ಟೇ.

ತಾರಸಿಯ ಮೇಲೆ ಸಾಲಾಗಿ ಗೂಡು, ಹದಿನಾಲ್ಕೋ ಹದಿನೈದೋ ಹಕ್ಕಿ. ಒಂದು ಕೆಂಪು ಹುಂಜ ಕತ್ತೆತ್ತಿ ಬಂದವರನ್ನು ಬಿಳಿಯ ಕಣ್ಣಿನಿಂದ ನೋಡಿತು. ಪಕ್ಕದ ಶೀಟಿನ ಕೋಣೆಯಲ್ಲಿ, ಹುಲ್ಲು ಹಾಸಿದ ಮಂಕರಿಯಲ್ಲಿ, ಬೂದಿ ಹೇಂಟೆ ರೆಕ್ಕೆ ಹರಡಿ ಕಾವಿಗೆ ಕೂತಿತ್ತು.

"ಇದೇನಾ?"

ನಾರಾಯಣಪ್ಪ ತಲೆಯಾಡಿಸಿದರು.

"ಒಳಗೆ ಹೇಗೆ ಹೋದ್ರಿ?"

"ನಾನು ಹುಟ್ಟಿದ ಮನೆ ಕಣಪ್ಪ. ಓಣಿ ಬಾಗ್ಲು ಎತ್ತಿ ತಳ್ಳಿದ್ರೆ ಬತ್ತದೆ."

"ಕೋಳಿ ಕೂಗ್ಲಿಲ್ವಾ?"

"ಎದೆ ಕೆಳಗೆ ಕೈ ಕೊಟ್ಟು, ಕಣ್ಣಿಗೆ ಬಟ್ಟೆ ಮುಚ್ಚಿದ್ರೆ ಯಾಕೆ ಕೂಗ್ತದೆ?"

"ಹುಂಜದ ಕಾಲಿಗೆ ಅರಿಶಿನ?"

ಮೊದಲ ಸಲ ಮುನಿಯಕ್ಕನ ದನಿ ಏರಿತು. ತಮ್ಮನ ಕಡೆ ತಿರುಗಿ, "ಕೀವಾಗಿತ್ತಲ್ಲೋ! ನಿನ್ ಕಣ್ಣಿಗೆ ಕಾಣ್ಲಿಲ್ವಾ? ಹಂಗೇ ಬಿಟ್ಟು ಬರಕ್ಕೆ ಮನಸಾಗ್ಲಿಲ್ಲ" ಎಂದರು.

ವಾದಿರಾಜರು ಜಪ್ತಿ ಪಂಚನಾಮೆ ಬರೆಸತೊಡಗಿದರು. ಬೂದಿ ಬಣ್ಣದ ಹೇಂಟೆ ಒಂದು. ಮುಂದೆ ಪೆನ್ನು ನಿಂತಿತು. ಕೆಳಗಿನ ಮೊಟ್ಟೆಗಳನ್ನು ಏನೆಂದು ಬರೆಯುವುದು? ತಾಯಿ ದೂರುದಾರರದ್ದು, ತಂದೆ ಆರೋಪಿಯದ್ದು.

"ಎಷ್ಟಿದೆ?"

"ಹನ್ನೊಂದು. ಕೂತು ಹನ್ನೊಂದು ದಿನ ಆಯ್ತು. ಈಗ ಎತ್ತಿದ್ರೆ ಎಲ್ಲಾ ಸಾಯ್ತವೆ."

ಆಕೆ ಕೋಣೆಯ ಬಾಗಿಲು ಮುಂದೆ ಮಾಡಿ, ಹೇಂಟೆಯ ಕೆಳಗಿನಿಂದ ಒಂದು ಮೊಟ್ಟೆ ತೆಗೆದು ಫೋನಿನ ಟಾರ್ಚಿಗೆ ಹಿಡಿದರು. ಕತ್ತಲಲ್ಲಿ ಮೊಟ್ಟೆ ಕೆಂಪಗೆ ಬೆಳಗಿತು. ಒಳಗೆ ಜೇಡರ ಬಲೆಯಂಥ ನರ, ನಡುವೆ ಒಂದು ಕಪ್ಪು ಚುಕ್ಕೆ. ಅದು ಅಲುಗಿತು. ವಾದಿರಾಜರು ತಮಗೇ ತಿಳಿಯದೆ ಮೊಣಕಾಲೂರಿ ಕೂತಿದ್ದರು. ಐವತ್ತೊಂದು ವರ್ಷದಲ್ಲಿ ಅವರು ಮೊಟ್ಟೆಯೊಂದನ್ನು ಇಷ್ಟು ಹತ್ತಿರದಿಂದ ಕಂಡದ್ದು ಅದೇ ಮೊದಲು.

"ಇನ್ನೊಂದು ತೋರ್ಸಿ" ಎಂದರು.

ಹನ್ನೊಂದರಲ್ಲಿ ಒಂಬತ್ತು ಜೀವಂತವಾಗಿದ್ದವು. ಪ್ರತಿಯೊಂದನ್ನೂ ನಾರಾಯಣಪ್ಪ ಅಕ್ಕನ ಭುಜದ ಮೇಲಿಂದ ಬಗ್ಗಿ ನೋಡಿದರು.

"ಒಂಬತ್ತು" ಎಂದರು ಕೊನೆಗೆ. "ನಂಗೆ ಎರಡು ವರ್ಷದಿಂದ ನಾಕು ಮರಿ ಆಗಿಲ್ಲ. ಯಾವ ಹುಂಜ ಅಕ್ಕ?"

"ಅಪ್ಪ ಕೊಟ್ಟಿದ್ದರ ವಂಶ. ನಾಟಿ ಯಾಟೆ ಕೂಡಿಸಿ, ಕಣ್ಣು ನೋಡಿ, ಎದೆ ನೋಡಿ ಆರಿಸ್ಕೊಂಡು ಬಂದೆ. ನಲವತ್ತಾರು ವರ್ಷ ಆಯ್ತು. ಹುಂಜ ಸರಿಯಾಯ್ತು. ಯಾಟೆ ಮಾತ್ರ ಅಪ್ಪನ ಯಾಟೆ ಆಗ್ಲಿಲ್ಲ. ನಿನ್ ಹತ್ರ ಯಾಟೆ ಇತ್ತು, ರಕ್ತ ಹಳಸಿತ್ತು. ಎರಡೂ ಸೇರಿದ್ರೆ ಉಳೀತದೆ ಅಂತ ಹೇಳಕ್ಕೇ ಬಂದಿದ್ದೆ. ನೀನು ಗೇಟು ಹಾಕ್ದೆ."

ನಾರಾಯಣಪ್ಪ ಇನ್ಸ್‌ಪೆಕ್ಟರ್ ಕಡೆ ತಿರುಗಿದರು. "ಸಾರ್, ಕಂಪ್ಲೇಂಟ್ ವಾಪಸ್ ತಗೋತೀನಿ."

"ಠಾಣೇಲಿ ಆಗಲ್ಲ. ಎಫ್.ಐ.ಆರ್. ಆಗಿದೆ. ಕೋರ್ಟಲ್ಲಿ ರಾಜಿ ಆಗ್ಬಹುದು, ಅದು ನಿಮಗೆ ಬಿಟ್ಟಿದ್ದು. ಇವತ್ತು ನಾನು ಮಾಡ್ಬೇಕಾದ್ದು ಮಾಡ್ಲೇಬೇಕು."

4 ಗಂಟೆ 40ಕ್ಕೆ, ಸೂರ್ಯಾಸ್ತಕ್ಕೆ ಮೊದಲೇ, ಯಶಶ್ರೀ ಮುನಿಯಕ್ಕನಿಗೆ ಬಂಧನದ ಕಾರಣ ಓದಿ ಹೇಳಿ ಸಹಿ ಹಾಕಿಸಿಕೊಂಡಳು. ಹೇಂಟೆಯನ್ನು ಕಾವಿನಿಂದ ಎಬ್ಬಿಸುವ ಹಾಗಿಲ್ಲದ ಕಾರಣ, ಮೊಟ್ಟೆಗಳ ಸಮೇತ ಇದ್ದಲ್ಲೇ ಇಟ್ಟು ದೂರುದಾರರ ತಾತ್ಕಾಲಿಕ ಸುಪರ್ದಿಗೆ ಕೊಡಲಾಗಿದೆ, ನ್ಯಾಯಾಲಯಕ್ಕೆ ವರದಿ ಮಾಡಲಾಗುವುದು ಎಂದು ವಾದಿರಾಜರು ಬರೆಸಿದರು. ಇಂಥ ಪಂಚನಾಮೆಯನ್ನು ತಾವು ನೋಡೇ ಇಲ್ಲ ಎಂದು ದಾಸಪ್ಪ ಗೊಣಗಿದರೂ ಸಹಿ ಹಾಕಿದರು. ಆರೋಪಿಯ ಮನೆಯಲ್ಲಿ ದೂರುದಾರ ಉಳಿಯಬೇಕಾಯಿತು. ಮುನಿಯಕ್ಕ ಜೀಪು ಹತ್ತುವಾಗ ನಾರಾಯಣಪ್ಪ ಮೆಟ್ಟಿಲ ಮೇಲಿಂದ ಕೂಗಿ, ಕಾಳು ಎಲ್ಲಿಟ್ಟಿದೀಯಾ ಎಂದು ಕೇಳಿದರು.

"ನೀಲಿ ಡ್ರಮ್ಮಲ್ಲಿ. ದಿನಕ್ಕೆ ಒಂದ್ಸಲ ಅದಾಗೇ ಏಳ್ತದೆ. ನೀನು ಎಬ್ಬಿಸ್ಬೇಡ!"

ಮಾರನೆಯ ದಿನ ಮ್ಯಾಜಿಸ್ಟ್ರೇಟರು ಜಾಮೀನು ಕೊಟ್ಟರು. ಜಾಮೀನಿಗೆ ನಿಂತವರು ನಾರಾಯಣಪ್ಪನ ಹೆಂಡತಿ ತಿಮ್ಮಕ್ಕ.

ಬಂಧನದ ಸಂಜೆ ಠಾಣೆಯಲ್ಲಿ ಮುನಿಯಕ್ಕನಿಂದ ಪಡೆದ ಸ್ವಇಚ್ಛಾ ಹೇಳಿಕೆ ಒಂದೂವರೆ ಪುಟ. ಕಳವು ಮಾಡಲು ಕಾರಣವೇನು ಎಂಬ ಪ್ರಶ್ನೆಗೆ ಬಂದ ಉತ್ತರವನ್ನು ಕಚೇರಿಯ ಭಾಷೆಗೆ ತಿರುಗಿಸಲು ರೈಟರು ಹೊರಟಾಗ ವಾದಿರಾಜರು ತಡೆದು, ಆಕೆ ಹೇಳಿದ ಹಾಗೇ ಬರೆಸಿದರು:

'ಹತ್ತು ವರ್ಷದವಳಾಗಿದ್ದಾಗ್ಲಿಂದ ಅಪ್ಪನ ಜೊತೆ ಗೂಡು ಬಳ್ದು, ಮೊಟ್ಟೆ ಆರಿಸಿ, ಮರಿ ಸಾಕಿದ್ದು ನಾನು. ತಮ್ಮ ಆಗ ಗೋಲಿ ಆಡ್ತಿದ್ದ. ಮದ್ವೆ ದಿನ ಅಪ್ಪ ಒಂದು ಹುಂಜ ಕೊಟ್ಟ. ಯಾಟೆ ಕೊಡಪ್ಪ ಅಂದೆ. ಮಗಳು ಬೇರೆ ಮನೆಗೆ ಹೋಗ್ಬೇಕು, ಯಾಟೆ ಹೋಗಬಾರ್ದು ಅಂದ.'