ದಾರಂದದ ಎರಡು ಬದಿ

"ಏ! ನಿಲ್ಲಿಸಿ! ಯಾರು ನೀವು? ನನ್ನ ಕಿಟಕಿ ಎಂತಕ್ಕೆ ಮುಚ್ತಾ ಇದ್ದೀರಿ?"

ಯಶ್ಮಿತಾ ಕೂಗಿದ ಕೂಗಿಗೆ ಕಾವೂರು ಕೆರೆಯ ದಂಡೆಯಲ್ಲಿದ್ದ ಕೊಕ್ಕರೆಗಳು ಹಾರಿಹೋದವು. ಆದರೆ ಅರ್ಧ ಎದ್ದಿದ್ದ ಗೋಡೆಯ ಮೇಲೆ ಕುಳಿತಿದ್ದ ಹುಡುಗ ಮಾತ್ರ ಅಲ್ಲಾಡಲಿಲ್ಲ. ಕೈಯಲ್ಲಿದ್ದ ಕೆಂಪುಕಲ್ಲನ್ನು ನಿಧಾನವಾಗಿ ಪಕ್ಕಕ್ಕಿಟ್ಟು ಅವಳನ್ನು ನೋಡಿದ.

"ಓ, ಇದು ನಿಮ್ಮ ಕಿಟಕಿಯಾ? ಪಶ್ಚಿಮಕ್ಕೆ ಇಷ್ಟು ದೊಡ್ಡ ಕಿಟಕಿ ಯಾರಾದ್ರೂ ಇಡ್ತಾರಾ? ಮಧ್ಯಾಹ್ನದ ಮೇಲೆ ಒಳಗೆ ಕೂತವರು ಹಪ್ಪಳ ಆಗ್ತಾರೆ."

"ಸಮುದ್ರದ ಗಾಳಿ ಬರುವುದು ಆ ಬದಿಯಿಂದಲೇ!"

"ಗಾಳಿ ಬರ್ತದೆ, ಸರಿ. ಅದರ ಜೊತೆ ಬಿಸಿಲೂ ಬರ್ತದಲ್ಲ... ಅದನ್ನು ಎಂತ ಮಾಡ್ತೀರಿ?"

ಯಶ್ಮಿತಾ ಕೋಪದಲ್ಲಿ ಸುತ್ತ ನೋಡಿದಳು. ಪಕ್ಕದ ಮನೆಯ ಹಿತ್ತಲಲ್ಲಿ ಬಸಳೆ ಚಪ್ಪರ ಕಂಡಿತು.

"ಬಸಳೆ ಹಬ್ಬಿಸ್ತೇನೆ!" ಎಂದುಬಿಟ್ಟಳು. "ಕಿಟಕಿಯ ಹೊರಗೆ ಇಡೀ ಬಸಳೆ. ಎಲೆ ಬಿಸಿಲು ತಡೀತದೆ, ಗಾಳಿ ಒಳಗೆ ಬರ್ತದೆ."

ಅವನೂ ಆ ಚಪ್ಪರದ ಕಡೆ ತಿರುಗಿ ನೋಡಿದ. ಆಮೇಲೆ ನಕ್ಕ. ಹಾಗೆ ನಗುವುದು ಬೇಡವಾಗಿತ್ತು. ಯಶ್ಮಿತಾಳಿಗೆ ಆ ಕ್ಷಣವೇ ಏನೋ ಆಯಿತು!

"ಬಳ್ಳಿ ಹತ್ತಲಿಕ್ಕೆ ಬಲೆ ನಾನು ತರ್ತೇನೆ. ಉಳ್ಳಾಲದಲ್ಲಿ ನಮ್ಮ ಮನೆಯಲ್ಲಿ ಹಳೆಯ ಮೀನಿನ ಬಲೆ ಬೇಕಾದಷ್ಟು ಉಂಟು. ನಾನು ಭುವನ್, ಸಿವಿಲ್ ವಿಭಾಗ. ಇವತ್ತಿನಿಂದ ನಿಮ್ಮ ತಂಡ."

ಹೇಳಿ, ತಾನು ಕಟ್ಟಿದ್ದ ಕಲ್ಲುಗಳನ್ನು ತಾನೇ ಒಂದೊಂದಾಗಿ ತೆಗೆಯತೊಡಗಿದ.

ಕರಾವಳಿಯ ಕಾಲೇಜುಗಳಿಗೆ ಆ ವರ್ಷ ಒಂದು ಸ್ಪರ್ಧೆಯಿತ್ತು. ವಿದ್ಯಾರ್ಥಿಗಳೇ ನಕ್ಷೆ ಬರೆದು, ವಿದ್ಯಾರ್ಥಿಗಳೇ ಕೈಯಾರೆ ಒಂದು ಪುಟ್ಟ ಪರಿಸರಸ್ನೇಹಿ ಮನೆ ಕಟ್ಟಬೇಕು. ಮಂಗಳೂರಿನ ಮೇ ತಿಂಗಳ ಸೆಖೆಯಲ್ಲಿ ಫ್ಯಾನ್ ಇಲ್ಲದೆ ಆ ಮನೆ ತಂಪಾಗಿರಬೇಕು. ನಕ್ಷೆಯ ಜವಾಬ್ದಾರಿ ಆರ್ಕಿಟೆಕ್ಚರ್ ಓದುವ ಯಶ್ಮಿತಾಳದ್ದು, ಕಟ್ಟಿಸುವುದು ಭುವನ್‌ನದ್ದು. ಬಾಕಿ ಎಲ್ಲ ಕೆಲಸಕ್ಕೆ ದೀಪೇಶ್ ಮತ್ತು ನಿರೀಕ್ಷಾ ಇದ್ದರು. ಅವರಿಬ್ಬರಿಗೆ ಕೆಲಸಕ್ಕಿಂತ ಇವರಿಬ್ಬರ ಜಗಳ ನೋಡುವುದರಲ್ಲೇ ಹೆಚ್ಚು ಆಸಕ್ತಿ.

ಜಗಳವೂ ಎಷ್ಟು ದಿನ ನಡೆದೀತು? ಅತ್ತಾವರದಲ್ಲಿ ಕೆಡವಿದ ಒಂದು ಹಳೆ ಮನೆಯ ಹಂಚು ತರಲು ಇಬ್ಬರೂ ಒಂದೇ ಟೆಂಪೋದಲ್ಲಿ ಹೋದರು. ಚಿಪ್ಪಿನ ಸುಣ್ಣವನ್ನು ಒಟ್ಟಿಗೆ ಕಲಸಿದರು. ಒಂದು ದಿನ ಸುಣ್ಣ ತಾಗಿ ಯಶ್ಮಿತಾಳ ಬೆರಳು ಉರಿಯಿತು. ಭುವನ್ ಮಾತಿಲ್ಲದೆ ಅವಳ ಕೈಯನ್ನು ನೀರಿನಲ್ಲಿ ತೊಳೆದು, ತೆಂಗಿನೆಣ್ಣೆ ಹಚ್ಚಿದ. ಮರುದಿನದಿಂದ ಅವಳು ಕೆಲಸ ಮಾಡುವ ಜಾಗದಲ್ಲಿ ಒಂದು ಪುಟ್ಟ ಎಣ್ಣೆ ಬಾಟಲಿ ಇರುತ್ತಿತ್ತು. ಯಾರು ಇಟ್ಟರೆಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

'ಇದು ಸ್ನೇಹವಾ? ಅಲ್ಲ... ಬೇರೆ ಎಂತದ್ದೋ?'

ಗೊತ್ತಾಗುತ್ತಿರಲಿಲ್ಲ. ಆದರೆ ನೆಟ್ಟ ಬಸಳೆ ಬಲೆಯ ಮೊದಲ ಕಣ್ಣಿಗೆ ತುದಿ ಸುತ್ತಿಕೊಂಡ ದಿನ ಇಬ್ಬರೂ ಒಟ್ಟಿಗೆ ಬಗ್ಗಿ ನೋಡಿದರು. ಭುಜಕ್ಕೆ ಭುಜ ತಾಗಿತು. ಯಾರೂ ಸರಿಯಲಿಲ್ಲ!

ದಾರಂದ ಇಡುವ ದಿನ ಬಂತು. ಬಾಗಿಲಿನ ಚೌಕಟ್ಟು ನಿಲ್ಲಿಸುವುದೆಂದರೆ ಈ ಊರಿನಲ್ಲಿ ಸಣ್ಣ ವಿಷಯವಲ್ಲ. ಸ್ಪರ್ಧೆಯ ಮನೆಯಾದರೇನು, ಹೂವು ಕುಂಕುಮ ಇಲ್ಲದೆ ದಾರಂದ ನಿಲ್ಲಿಸುವುದಕ್ಕೆ ಭುವನ್‌ನ ತಾಯಿ ವಾರಿಜಾಕ್ಷಿ ಬಿಡುವವರಲ್ಲ. ಬೆಳಗ್ಗಿನ ಮೀನು ಮಾರಾಟ ಮುಗಿಸಿ, ಮಿಂದು, ಮಲ್ಲಿಗೆ ಚೆಂಡು ಹಿಡಿದು ಬಂದೇಬಿಟ್ಟರು.

"ಎರಡು ಬದಿಯಲ್ಲಿ ಇಬ್ಬರು ಹಿಡಿಯಬೇಕು," ಎಂದು ಯಶ್ಮಿತಾಳ ಕಡೆ ತಿರುಗಿದರು. "ಮಗಾ, ನೀನು ಈಚೆ ಬಾ. ಭುವನ್, ನೀನು ಆಚೆ."

ಯಶ್ಮಿತಾ ಹಲಸಿನ ಮರದ ಆ ಹಳೆ ದಾರಂದವನ್ನು ಹಿಡಿದಳು. ಎದುರು ಬದಿಯಲ್ಲಿ ಅವನು. ಚೌಕಟ್ಟಿನ ಎರಡು ಕಂಬಗಳ ನಡುವಿನಿಂದ ಅವನ ಕಣ್ಣು ಅವಳನ್ನೇ ನೋಡುತ್ತಿತ್ತು. ಅವಳು ತಲೆ ತಗ್ಗಿಸಿದಳು.

ವಾರಿಜಾಕ್ಷಿಯವರಿಗೆ ಎಲ್ಲವೂ ಅರ್ಥವಾಯಿತು. ಹೆತ್ತವರ ಕಣ್ಣಿಗೆ ಮಣ್ಣೆರಚಲು ಆಗುತ್ತದೆಯೇ? ದಾರಂದಕ್ಕೆ ಕುಂಕುಮ ಹಚ್ಚಿ, ಅದೇ ಬೆರಳಲ್ಲಿ ಯಶ್ಮಿತಾಳ ಹಣೆಗೂ ಹಚ್ಚಿ, ಆಸೆಯಿಂದ ಕೇಳಿದರು.

"ನೀನೂ ಮೊಗವೀರರ ಹುಡುಗಿಯಂತೆ. ನಿನ್ನದು ಎಂತ ಬರಿ ಮಗಾ?"

ಯಶ್ಮಿತಾ ಹುಟ್ಟಿ ಬೆಳೆದದ್ದು ಬಹ್ರೈನ್‌ನಲ್ಲಿ. ಅಪ್ಪ ಈಗಲೂ ಅಲ್ಲೇ ಕೆಲಸದಲ್ಲಿದ್ದಾರೆ. ಅಮ್ಮನ ಜೊತೆ ಕಾವೂರಿನ ಫ್ಲಾಟಿಗೆ ಬಂದ ಮೇಲೆಯೇ ಅವಳು ತುಳುವಿನಲ್ಲಿ ನಾಲ್ಕು ಮಾತು ಕಲಿತದ್ದು. ಬರಿ ಎಂದರೆ ಮನೆಹೆಸರು ಇರಬೇಕು ಎಂದುಕೊಂಡಳು. ಅಪ್ಪ ಜಯ ಕರ್ಕೇರ, ಪಾಸ್‌ಪೋರ್ಟಿನಲ್ಲಿ ಅವಳೂ ಕರ್ಕೇರ.

"ಕರ್ಕೇರ, ಆಂಟಿ!" ಎಂದಳು ಖುಷಿಯಲ್ಲಿ.

ವಾರಿಜಾಕ್ಷಿಯವರ ಕೈ ಅಲ್ಲೇ ನಿಂತಿತು. ಮಗನ ಮುಖ ನೋಡಿದರು. ಭುವನ್ ಹಿಡಿದಿದ್ದ ದಾರಂದ ಒಮ್ಮೆ ವಾಲಿತು.

"ಹಿಡ್ಕೊ ಮಾರಾಯ!" ದೀಪೇಶ್ ಓಡಿ ಬಂದು ಹಿಡಿದ.

ಏನಾಯಿತು? ಯಶ್ಮಿತಾಳಿಗೆ ಏನೂ ತಿಳಿಯಲಿಲ್ಲ. ವಾರಿಜಾಕ್ಷಿ ಅವಳ ತಲೆ ಸವರಿ, "ಒಳ್ಳೆಯದಾಗಲಿ ಮಗಾ" ಎಂದಷ್ಟೇ ಹೇಳಿ ಹೊರಟುಹೋದರು. ಆ ದನಿಯಲ್ಲಿ ಎಷ್ಟು ಬೇಸರವಿತ್ತು!

ಮರುದಿನ ಬೆಳಗ್ಗೆ ಭುವನ್ ಬಂದ. ಅವಳ ಕಡೆ ನೋಡದೆ ಹೇಳಿದ.

"ತಂಗೀ, ಆ ಬಾಲ್ದಿ ಸ್ವಲ್ಪ ಈಚೆ ಕೊಡು."

ತಂಗಿ!

ಯಶ್ಮಿತಾಳ ಕೈಯಿಂದ ಬಾಲ್ದಿ ಜಾರಿ ಸುಣ್ಣದ ನೀರೆಲ್ಲ ಚೆಲ್ಲಿತು. ನಿರೀಕ್ಷಾ ಬಾಯಿ ತೆರೆದು ನೋಡಿದಳು.

"ಏ, ಇವನಿಗೆ ಎಂತ ಆದದ್ದು? ನಿನ್ನೆ ತನಕ ಸರಿ ಇದ್ದನಲ್ಲ ಮಾರಾಯ್ತಿ!"

"ನನಗೆಂತ ಗೊತ್ತು..." ಎನ್ನುತ್ತಾ ಯಶ್ಮಿತಾ ಬಾಲ್ದಿ ಎತ್ತಿಕೊಂಡಳು.

ನಿಜವಾಗಿಯೂ ಅವಳಿಗೆ ಗೊತ್ತಿರಲಿಲ್ಲ. 'ನಾನು ಏನು ತಪ್ಪು ಮಾಡಿದೆ? ಅವನ ಅಮ್ಮನಿಗೆ ನಾನು ಇಷ್ಟವಾಗಲಿಲ್ಲವಾ? ಹಾಗಾದರೆ ಹಣೆಗೆ ಕುಂಕುಮ ಯಾಕೆ ಹಚ್ಚಿದರು? ಅಥವಾ ಮೊದಲಿನಿಂದಲೂ ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲವಾ? ಎಲ್ಲವೂ ನನ್ನ ಭ್ರಮೆಯಾ?'

ಆದರೆ ಎಣ್ಣೆ ಬಾಟಲಿ ಆ ದಿನವೂ ತನ್ನ ಜಾಗದಲ್ಲಿ ಇತ್ತು! ತುಂಬಿಸಿ ಇಟ್ಟಿದ್ದ. ತಂಗಿಗೆ ಇಡುವ ಎಣ್ಣೆಯೋ, ಇನ್ಯಾರಿಗೋ ಇಡುವ ಎಣ್ಣೆಯೋ, ಬಾಟಲಿ ನೋಡಿದರೆ ಹೇಗೆ ಗೊತ್ತಾಗಬೇಕು? ಅವಳು ಅದನ್ನು ಎತ್ತಿ ಎಸೆಯಲು ಹೋಗಿ, ಎಸೆಯಲಾಗದೆ, ಬ್ಯಾಗಿನಲ್ಲಿ ಹಾಕಿಕೊಂಡಳು.

ಬಸಳೆ ಮಾತ್ರ ಇವರ ಗೊಡವೆಯಿಲ್ಲದೆ ಬಲೆ ತುಂಬ ಹಬ್ಬುತ್ತಿತ್ತು. ಛಾವಣಿಯ ಪಕ್ಕಾಸುಗಳ ಮೇಲೆ ಹಂಚು ಏರಿತು. ಭುವನ್ ಮೇಲಿನಿಂದ "ತಂಗೀ" ಎಂದು ಕರೆದಾಗಲೆಲ್ಲ ಅವಳು ಹಂಚು ಕೊಡದೆ ನಿರೀಕ್ಷಾಳ ಕೈಗೆ ದಾಟಿಸುತ್ತಿದ್ದಳು.

ಮಾಡು ಮುಗಿಯುವ ಹೊತ್ತಿಗೆ ದೀಪೇಶ್ ಮೆಲ್ಲ ಬಂದು ಹೇಳಿದ.

"ಯಶ್ಮಿ, ತೀರ್ಪುಗಾರರು ಬಂದು ಹೋದ ಕೂಡಲೇ ಭುವನ್ ತಂಡ ಬಿಡ್ತಾನಂತೆ. ಕೊನೆಯ ಸೆಮಿಸ್ಟರಿನ ತರಬೇತಿಗೆ ಕಾರವಾರಕ್ಕೆ ಹೋಗ್ತಾನಂತೆ. ಇಲ್ಲಿ ಇರಲಿಕ್ಕೆ ಆಗುವುದಿಲ್ಲ ಅಂತ ಹೇಳ್ತಾನೆ. ಎಂತ ಜಗಳ ನಿಮ್ಮದು?"

ಜಗಳವೇ ಇಲ್ಲವಲ್ಲ! ಜಗಳವಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು ಅವಳಿಗೆ.

ಅವನು ಹೋಗಿಯೇ ಬಿಡುತ್ತಾನೆ. ಕಾರಣ ತಿಳಿಯದೆ ಕಳುಹಿಸಿಕೊಡುವಷ್ಟು ದೊಡ್ಡ ಮನಸ್ಸು ಯಶ್ಮಿತಾಳಿಗೆ ಇರಲಿಲ್ಲ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟಾಂಡಿನಲ್ಲಿ ಬಸ್ಸು ಬದಲಿಸಿ, ನೇತ್ರಾವತಿ ಸೇತುವೆ ದಾಟಿ, ಕೇಳುತ್ತಾ ಕೇಳುತ್ತಾ ಉಳ್ಳಾಲದ ಅವನ ಮನೆಗೆ ಹೋದಳು. ಭುವನ್ ಇರಲಿಲ್ಲ. ವಾರಿಜಾಕ್ಷಿ ಅಂಗಳದಲ್ಲಿ ಕುಳಿತು ಮರುವಾಯಿ ಚಿಪ್ಪು ತೊಳೆಯುತ್ತಿದ್ದರು.

"ಆಂಟಿ, ನಾನು ಎಂತ ತಪ್ಪು ಮಾಡಿದೆ? ಅದೊಂದು ಹೇಳಿ. ಮತ್ತೆ ನಾನು ಬರುವುದಿಲ್ಲ."

ಮರುವಾಯಿಯ ನೀರು ಚೆಲ್ಲಿ ವಾರಿಜಾಕ್ಷಿ ಅವಳನ್ನು ಹತ್ತಿರ ಕೂರಿಸಿಕೊಂಡರು.

"ನಿನ್ನದು ತಪ್ಪಿಲ್ಲ ಮಗಾ. ನನಗೂ ಆಸೆ ಇತ್ತು. ಆದರೆ ಬರಿ ಒಂದೇ ಆಯಿತಲ್ಲ! ನಮ್ಮದೂ ಕರ್ಕೇರ. ಬರಿ ಅಂದರೆ ಗೋತ್ರದ ಹಾಗೆ, ಒಂದೇ ಬರಿಯವರು ಒಡಹುಟ್ಟಿದವರ ಲೆಕ್ಕ. ನೀನು ಅವನಿಗೆ ತಂಗಿ. ಮದುವೆ ಬಿಡು, ಹಾಗೆ ಯೋಚನೆ ಮಾಡಲಿಕ್ಕೂ ಇಲ್ಲ."

"ಆದರೆ... ಕಾಲೇಜಿನಲ್ಲಿ ಅವನು ಭುವನ್ ಪುತ್ರನ್ ಅಲ್ವಾ?"

"ಅದು ಅವನ ಅಪ್ಪನದ್ದು. ಶಾಲೆಯಲ್ಲಿ ಹಾಗೆ ಬರೆಸಿದ್ದು."

ಯಶ್ಮಿತಾಳ ತಲೆಯಲ್ಲಿ ಏನೂ ನಿಲ್ಲಲಿಲ್ಲ. ಕಿವಿಯಲ್ಲಿ ಉಳಿದದ್ದು ಒಂದೇ ಮಾತು, ತಂಗಿ. ಸೇತುವೆಯ ಮೇಲೆ ಬಸ್ಸು ಬರುವಾಗ ಕಿಟಕಿಗೆ ಮುಖ ಮಾಡಿ ಅತ್ತುಬಿಟ್ಟಳು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೂ ಗೊತ್ತಾಗದ ಅಳು ಅದು.

ಮನೆಗೆ ಬಂದವಳೇ ಅಡುಗೆಮನೆಯ ಬಾಗಿಲಲ್ಲಿ ಕುಸಿದು ಕುಳಿತಳು. ಅಮ್ಮ ಗಾಬರಿಯಾಗಿ ಸೌಟು ಹಿಡಿದೇ ಓಡಿ ಬಂದರು. ಯಶ್ಮಿತಾ ಬಿಕ್ಕುತ್ತಾ ಎಲ್ಲವನ್ನೂ ಹೇಳಿದಳು.

ಅಮ್ಮ ಪೂರ್ತಿ ಕೇಳಿದರು. ಆಮೇಲೆ ತಲೆಗೆ ಕೈ ಹೊತ್ತರು.

"ಅಯ್ಯೋ ಪೆದ್ದಿ! ಬರಿ ಅಪ್ಪನದ್ದು ಬರ್ತದಾ? ನಮ್ಮಲ್ಲಿ ಬರಿ ಬರುವುದು ಅಮ್ಮನಿಂದ. ನಾನು ಸಾಲ್ಯಾನ್, ನೀನೂ ಸಾಲ್ಯಾನ್. ಬಹ್ರೈನ್‌ನಲ್ಲಿ ಆಫೀಸಿನವರು ಅಪ್ಪನ ಹೆಸರು ಸೇರಿಸಿ ಬರೆದ್ರು, ನಾವು ಸುಮ್ಮನಿದ್ದೆವು."

ಯಶ್ಮಿತಾಳ ಅಳು ಅರ್ಧಕ್ಕೇ ನಿಂತಿತು.

"ಹಾಗಾದ್ರೆ... ಅವನು ನನಗೆ ಅಣ್ಣ ಅಲ್ವಾ?"

"ಎಲ್ಲಿಯ ಅಣ್ಣ! ಬರಿ ಕೇಳಿದರೆ ಯಾವ ಹುಡುಗಿಯೂ ತಪ್ಪು ಹೇಳುವುದಿಲ್ಲ, ಹಾಗಾಗಿ ಅವರು ನಂಬಿದ್ದಾರೆ. ತಪ್ಪು ನನ್ನದೇ, ನಿನಗೆ ಹೇಳಿಕೊಡಲಿಲ್ಲ ನಾನು."

ಯಶ್ಮಿತಾ ಅಮ್ಮನನ್ನು ತಬ್ಬಿಕೊಂಡು ನಕ್ಕಳು. ಆದರೆ ನಗು ಮುಗಿದ ಮೇಲೆ ಸಿಟ್ಟು ಬಂತು. ಎಂಥ ಸಿಟ್ಟು! 'ನನ್ನ ವಿಷಯವನ್ನು ನನ್ನಲ್ಲಿ ಕೇಳದೆ ತಾನೇ ತೀರ್ಮಾನ ಮಾಡಿದನಲ್ಲ. ಮಾಡ್ತೇನೆ ಅವನಿಗೆ...'

ಉಳಿದ ಕಾಲೇಜುಗಳ ಮನೆಗಳನ್ನು ನೋಡಿ ಮುಗಿಸಿ ತೀರ್ಪುಗಾರರು ಬಂದ ದಿನ ಬಿಸಿಲು ಬೆಂಕಿಯಂತಿತ್ತು. ಹೊರಗೆ ಬೆವರು ಒರೆಸುತ್ತಿದ್ದವರು ಒಳಗೆ ಬಂದು ಕುಳಿತರು. ಪಶ್ಚಿಮದ ದೊಡ್ಡ ಕಿಟಕಿಯಲ್ಲಿ ಬಸಳೆಯ ಹಸಿರು ನೆರಳು ಆಡುತ್ತಿತ್ತು. ಗಾಳಿ ಎಲೆಗಳನ್ನು ಸರಿಸಿಕೊಂಡು ಒಳಗೆ ಬರುತ್ತಿತ್ತು. ತೀರ್ಪುಗಾರರಲ್ಲಿ ಹಿರಿಯರೊಬ್ಬರು ಮೇಲೆ ನೋಡಿ, "ನಿಜವಾಗಿ ಫ್ಯಾನ್ ಇಲ್ವಾ?" ಎಂದು ಕೇಳಿದರು. ನಕ್ಷೆಯನ್ನು ಯಶ್ಮಿತಾ ವಿವರಿಸಿದಳು, ಗೋಡೆಯನ್ನು ಭುವನ್ ವಿವರಿಸಿದ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಅವರು ಅಂಕ ಕೂಡಿಸಲು ಆಚೆ ಹೋದ ಮೇಲೆ ಭುವನ್ ತನ್ನ ಬ್ಯಾಗ್ ಎತ್ತಿಕೊಂಡ. ದಾರಂದ ದಾಟಿ ಅಂಗಳಕ್ಕಿಳಿದ.

"ಹೊರಟ್ಯಾ, ಅಣ್ಣಾ?"

ಅವನ ಕಾಲು ಅಲ್ಲೇ ನಿಂತಿತು. ತಿರುಗಿ ನೋಡಿದ. ಯಶ್ಮಿತಾ ಒಳಬದಿಯಲ್ಲಿ ದಾರಂದದ ಮೇಲೆ ಕೈಯಿಟ್ಟು ನಿಂತಿದ್ದಳು.

"ಹಾಗೆ ಕರೀಬೇಡ ಯಶ್ಮಿ..."

"ಯಾಕೆ? ನೀನು ಇಷ್ಟು ದಿನ ತಂಗಿ ತಂಗಿ ಅಂತ ಕರೆದದ್ದಲ್ವಾ?"

"ಬಾಯಲ್ಲಿ ಬಂತು. ಮನಸ್ಸಿಗೆ ಒಂದು ದಿನವೂ ಬರಲಿಲ್ಲ. ಕರೆದು ಕರೆದು ಅಭ್ಯಾಸ ಆಗ್ತದೆ ಅಂತ ನೋಡಿದೆ... ಆಗ್ಲಿಲ್ಲ. ಅದಕ್ಕೇ ಹೋಗ್ತಾ ಇದ್ದೇನೆ. ನಿನ್ನನ್ನು ಪ್ರೀತಿ ಮಾಡುವುದು ತಪ್ಪು ಅಂತ ಗೊತ್ತುಂಟು. ಬಿಡಲಿಕ್ಕೆ ಮಾತ್ರ ಗೊತ್ತಿಲ್ಲ."

ಯಶ್ಮಿತಾಳ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ! ಬೈಯಲೆಂದು ಕೂಡಿಟ್ಟಿದ್ದ ಮಾತುಗಳಲ್ಲಿ ಒಂದೇ ಒಂದು ಉಳಿದಿತ್ತು.

"ಕಿಟಕಿ ಮುಚ್ಚುವ ಮೊದಲೂ ನೀನು ನನ್ನನ್ನು ಕೇಳಲಿಲ್ಲ. ಇದಕ್ಕೂ ಕೇಳಲಿಲ್ಲ. ಒಂದು ಮಾತು ಕೇಳಿದ್ರೆ ನಿನ್ನ ಗಂಟು ಹೋಗ್ತಿತ್ತಾ ಭುವನ್?"

"ಎಂತ ಕೇಳುವುದು? ನೀನೇ ಹೇಳಿದ್ದಲ್ಲ ಅವತ್ತು..."

"ನಿನ್ನ ಅಮ್ಮ ಕೇಳಿದ್ರು, ನಾನು ಗೊತ್ತಿಲ್ಲದೆ ಅಪ್ಪನದ್ದು ಹೇಳಿದೆ. ನೀನು ಕೇಳಲೇ ಇಲ್ಲ. ಈಗ ಕೇಳು."

ಭುವನ್‌ನ ಕೈಯಿಂದ ಬ್ಯಾಗ್ ಜಾರಿತು. ಅವಳ ಅಪ್ಪನದ್ದು... ಅಪ್ಪನದ್ದಾ? ಅವನು ಒಂದೊಂದೇ ಹೆಜ್ಜೆ ಹಿಂದೆ ಬಂದ. ದಾರಂದದ ಹೊರಬದಿಯಲ್ಲಿ ನಿಂತ. ಅವತ್ತು ಹಿಡಿದ ಅದೇ ಜಾಗವನ್ನು ಹಿಡಿದುಕೊಂಡ. ಹಲಸಿನ ಮರದ ಮೇಲೆ ಅಮ್ಮ ಹಚ್ಚಿದ ಕುಂಕುಮ ಇನ್ನೂ ಮಾಸಿರಲಿಲ್ಲ.

ದೂರದಲ್ಲಿ ದೀಪೇಶ್ ಕುಣಿಯುತ್ತಿದ್ದ. "ಎರಡನೇ ಬಹುಮಾನ! ಏ, ನಮಗೆ ಎರಡನೇ ಬಹುಮಾನ!" ನಿರೀಕ್ಷಾ ಅವನ ಬಾಯಿ ಮುಚ್ಚಿ, ದಾರಂದದ ಕಡೆ ಕೈ ತೋರಿಸಿದಳು.

"ಯಶ್ಮಿ..." ಭುವನ್ ಉಸಿರು ಬಿಗಿಹಿಡಿದು ಕೇಳಿದ. "ನಿನ್ನದು... ಎಂತ ಬರಿ?"

"ಸಾಲ್ಯಾನ್."

ಅವನ ಕಣ್ಣು ತುಂಬಿತು. ನಗಲು ನೋಡಿದ, ಆಗಲಿಲ್ಲ. ದಾರಂದದ ಮೇಲಿದ್ದ ಅವಳ ಕೈಯ ಮೇಲೆ ಮೆಲ್ಲನೆ ತನ್ನ ಕೈ ಇಟ್ಟ.

"ಇನ್ನೊಮ್ಮೆ ಹೇಳು."

"ಸಾಲ್ಯಾನ್, ಮಾರಾಯ... ಸಾಲ್ಯಾನ್!"