ಅಣ್ಣನ ನಾಲಿಗೆ

ಅಮ್ಮ ಸಾಯಲು ಹನ್ನೊಂದು ತಿಂಗಳು ತೆಗೆದುಕೊಂಡಳು. ಮೂಳೆಗೆ ಇಳಿದ ಕಾಯಿಲೆ. ಕೊನೆಯ ನಾಲ್ಕು ತಿಂಗಳು ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ, ಸಾಕು ಮಾಡಿಬಿಡ್ರೋ ಎಂದು. ಕೇಳಿದ್ದು ಇಬ್ಬರು ಮಕ್ಕಳನ್ನೂ. ಕಿರಿಯವನು ಒಪ್ಪಿದ್ದ. ಹಾಸಿಗೆಯ ಬಟ್ಟೆ ಒಗೆಯುತ್ತಿದ್ದವನು ಅವನು; ಅವನಿಗೆ ಅದರಲ್ಲಿ ಯೋಚಿಸುವಂಥದ್ದೇನೂ ಉಳಿದಿರಲಿಲ್ಲ. ಆದರೆ ಚಿಕಿತ್ಸೆ ನಿಲ್ಲಿಸಲು ಆಸ್ಪತ್ರೆಯ ಕಾಗದಕ್ಕೆ ಬೇಕಾಗಿದ್ದು ಹಿರಿಯ ಮಗನ ಸಹಿ. ಹಿರಿಯ ಮಗ ಊರೂರಿಗೆ ಹೋಗಿ ಪ್ರವಚನ ಹೇಳುವವನು. ಜೀವ ನಮ್ಮ ಸ್ವಂತದ್ದಲ್ಲ, ಜೋಪಾನವಾಗಿಟ್ಟುಕೊಳ್ಳಿ ಎಂದು ಕೊಟ್ಟದ್ದು, ಕೊಟ್ಟವನು ಬಂದು ಕೇಳುವ ತನಕ ಅದಕ್ಕೆ ಕೈ ಹಚ್ಚುವ ಹಕ್ಕು ನಮಗಿಲ್ಲ ಎಂದವನು ಪೆನ್ನನ್ನೇ ಮುಟ್ಟಲಿಲ್ಲ. ನೋವಿನ ಚುಚ್ಚುಮದ್ದು ಹೆಚ್ಚಿಸುವ ಕಾಗದವನ್ನೂ, ಉಸಿರು ನಿಂತುಹೋದೀತು ಎಂದು ಪಕ್ಕಕ್ಕೆ ಸರಿಸಿದ.

ಅದನ್ನಾದರೂ ಕ್ಷಮಿಸಬಹುದಿತ್ತು. ಕ್ಷಮಿಸಲಾಗದ್ದು ನಡೆದದ್ದು ಅಮ್ಮ ಹೋದ ಮೂರನೆಯ ವಾರ. ತುಂಬಿದ ಸಭಾಂಗಣದಲ್ಲಿ ಅಣ್ಣ ಮೈಕಿನ ಮುಂದೆ ನಿಂತು, "ನನ್ನ ತಾಯಿ ಕೊನೆಯ ದಿನ ನನ್ನ ಕೈ ಹಿಡಿದು, ಈ ನೋವನ್ನು ದೇವರಿಗೆ ಒಪ್ಪಿಸಿದ್ದೇನೆ ಮಗನೇ ಅಂದಳು" ಎಂದ. ಜನ ಕಣ್ಣೊರೆಸಿಕೊಂಡರು. ಹಿಂದಿನ ಸಾಲಿನಲ್ಲಿ ಕೂತಿದ್ದ ತಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಕೊನೆಯ ದಿನ ಅಮ್ಮನಿಗೆ ಮಾತೇ ಇರಲಿಲ್ಲ. ಇದ್ದದ್ದು ಬರೀ ಕೂಗು. ಸತ್ತವಳ ಬಾಯಿಗೆ ಇವನು ತನಗೆ ಬೇಕಾದ ಮಾತು ತುರುಕಿದ್ದ.

ತಮ್ಮನಿಗೆ ಇದ್ದದ್ದು ಕನ್ನಡಕದ ಅಂಗಡಿ. ಬೀದಿಯವರಿಗೆಲ್ಲ ಅವನು ಕನ್ನಡಕದವನು. ಬೆಳಗಿನಿಂದ ಸಂಜೆಯವರೆಗೆ ಗಿರಾಕಿಗಳ ಗಲ್ಲವನ್ನು ಯಂತ್ರದ ಮೇಲೆ ಇಡಿಸಿ, ಈಗ ಸ್ಪಷ್ಟವೋ, ಆಗ ಸ್ಪಷ್ಟವೋ ಎಂದು ಕೇಳುತ್ತ, ಗಾಜು ಉಜ್ಜುತ್ತ ಇಪ್ಪತ್ತೆಂಟು ವರ್ಷ ಕಳೆದಿದ್ದ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಗಾಜನ್ನು ಎಸೆದು ಹೊಸದು ಶುರು ಮಾಡುವ ಜಾತಿ. ಮಾತು ಕಡಿಮೆ. ಸಿಟ್ಟನ್ನೂ ಅವನು ಹಾಗೆಯೇ ಆರು ವರ್ಷ ಉಜ್ಜಿ ಉಜ್ಜಿ ನುಣುಪು ಮಾಡಿ ಒಳಗಿಟ್ಟುಕೊಂಡಿದ್ದ.

ಆ ಆರು ವರ್ಷಗಳಲ್ಲಿ ಎರಡು ಸಂಗತಿಗಳು ನಡೆದವು. ದಯಾಮರಣದ ಕಾನೂನು ಬಂತು. ಅಣ್ಣ ಅದರ ವಿರುದ್ಧ ಗಂಟಲು ಹರಿಯುವಷ್ಟು ಮಾತಾಡಿ, ಉಪವಾಸ ಕೂತು, ಕೊನೆಗೆ ಸೋತ. ಸೋತರೂ ಸುಮ್ಮನಿರದೆ, ಹಟ ಹಿಡಿದು ಅದರಲ್ಲಿ ಒಂದು ನಿಯಮ ಸೇರುವಂತೆ ಮಾಡಿದ. ಸಾಯುವ ಇಷ್ಟ ಇದೆಯೇ ಎಂದು ರೋಗಿಯನ್ನು ಯಾರೂ ಕೇಳಕೂಡದು. ದಣಿದವನು ಯಾವುದಕ್ಕಾದರೂ ಹೂಂ ಅಂದುಬಿಡುತ್ತಾನೆ. ಕೋರಿಕೆ ಅವನಾಗಿಯೇ ಆಡಿದ ಪೂರ್ತಿ ವಾಕ್ಯಗಳಲ್ಲಿ, ಮೂರು ಸಲ, ಕಾರಣ ಸಮೇತ ಬರಬೇಕು. ಹೂಂ, ಊಹುಂ ನಡೆಯುವುದಿಲ್ಲ. ಬುದ್ಧಿವಂತ ನಿಯಮವೇ. ಅದು ಬಂದು ವರ್ಷ ತುಂಬುವ ಮೊದಲೇ ಅಣ್ಣನ ಕೈಯಿಂದ ಲೋಟ ಜಾರಿ ಬೀಳತೊಡಗಿತು. ನರಗಳು ಒಂದೊಂದಾಗಿ ಸೋಲುವ ಕಾಯಿಲೆ, ಮೊದಲಿನಿಂದಲೂ ಇದ್ದ ಸಕ್ಕರೆ ಕಾಯಿಲೆಯ ಜೊತೆಗೆ. ಕೈ ಹೋಯಿತು, ಕಾಲು ಹೋಯಿತು, ಲಕ್ಷ ಜನರನ್ನು ಕೂರಿಸಿದ್ದ ನಾಲಿಗೆ ಹೋಯಿತು. ಉಸಿರಿಗೆ ಯಂತ್ರ, ಊಟಕ್ಕೆ ಕೊಳವೆ. ಉಳಿದದ್ದು ಕಣ್ಣಿನ ಆಟ ಮತ್ತು ಒಂದಿಷ್ಟೂ ಮಂಕಾಗದ ಬುದ್ಧಿ. ಮದುವೆಯಾಗದ ಅಣ್ಣನಿಗೆ ಬೇರೆ ದಿಕ್ಕಿರಲಿಲ್ಲ. ತಮ್ಮ ಅವನನ್ನು ಅಂಗಡಿಯ ಹಿಂದಿನ ಕೋಣೆಗೆ ತಂದು ಮಲಗಿಸಿದ.

ಗಾಜಿನ ಹಲಗೆ ಮಾಡಿದ್ದೂ ತಮ್ಮನೇ. ಕಿಟಕಿಯಷ್ಟಗಲದ ಗಾಜು, ಅದರ ಮೂಲೆಮೂಲೆಗೆ ವರ್ಗ ವರ್ಗವಾಗಿ ಅಕ್ಷರಗಳು, ಅಂಚಿನಲ್ಲಿ ಕಾಗುಣಿತ. ತಮ್ಮ ಆಚೆಯಿಂದ ಹಿಡಿಯಬೇಕು, ಅಣ್ಣ ಈಚೆಯಿಂದ ಒಂದೊಂದು ಅಕ್ಷರದ ಕಡೆ ನೋಡಬೇಕು, ಆ ನೋಟ ಎಲ್ಲಿ ನೆಟ್ಟಿದೆ ಎಂದು ತಮ್ಮ ಗಾಜಿನ ಮೂಲಕ ಹಿಡಿದು ಗಟ್ಟಿಯಾಗಿ ಹೇಳಬೇಕು. ಒಂದು ಒತ್ತಕ್ಷರಕ್ಕೆ ಮೂರು ನೋಟ. ಹಗಲಿಗೆ ಬರುವ ಆಯಾ ಎರಡು ದಿನ ಪ್ರಯತ್ನಿಸಿ, "ನನ್ ಕೈಲಾಗಲ್ಲಪ್ಪ, ಇವ್ರು ನೀರು ಅಂದ್ರೆ ನಂಗೆ ನೊಣ ಅಂತ ಕಾಣ್ಸುತ್ತೆ" ಎಂದು ಕೈಮುಗಿದಳು. ಸರ್ಕಾರದ ಕಾಗದದಲ್ಲಿ ತಮ್ಮನ ಹೆಸರೇ ನಮೂದಾಯಿತು. ಅಧಿಕೃತ ವಾಚಕ. ಅಣ್ಣನ ನಾಲಿಗೆ ಈಗ ತಮ್ಮನ ಬಾಯಲ್ಲಿತ್ತು.

ಆಗಲೂ ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ. ಒಂದು ದಿನ, ಗಂಟಲಿನ ಕಫ ತೆಗೆದು ಬಾಯೊರೆಸಿದ ಮೇಲೆ, ನಿಜವಾದ ಕನಿಕರದಿಂದಲೇ ಹಲಗೆ ಎತ್ತಿ ಹಿಡಿದು ಕೇಳಿದ.

"ಸಾಕಾಗಿಲ್ವಾ ಅಣ್ಣ ನಿಂಗೆ?"

ಅಣ್ಣನ ಕಣ್ಣು ಕಾಲು ಗಂಟೆ ಗಾಜಿನ ಮೇಲೆ ಓಡಾಡಿತು. ಬಂದದ್ದು ಇಷ್ಟು: "ಇಲ್ಲ. ಕಿಟಕಿಯ ಪರದೆ ಸರಿಸು. ನೋಡುತ್ತಿರುತ್ತೇನೆ. ಎಷ್ಟು ದಿನವಾದರೂ."

ತಮ್ಮ ಪರದೆ ಸರಿಸಿದ. ಎದುರು ಮನೆಯ ಗೋಡೆ, ತಂತಿಯ ಮೇಲೆ ಒಣಗುತ್ತಿದ್ದ ಬಟ್ಟೆ. ಅಮ್ಮನಿಗೆ ಒಂದು ದಿನ ಕಡಿಮೆ ಮಾಡಿಕೊಡದವನಿಗೆ ಒಣಗುವ ಬಟ್ಟೆ ನೋಡಲು ಎಷ್ಟು ದಿನವಾದರೂ ಬೇಕಂತೆ. ಆ ಮಧ್ಯಾಹ್ನ ಗಿರಾಕಿಯೊಬ್ಬನ ಕನ್ನಡಕದ ಕಡ್ಡಿ ಬಗ್ಗಿಸುತ್ತಿದ್ದಾಗ ಯೋಜನೆ ತಾನಾಗಿಯೇ ಬಂದು ಎದುರಿಗೆ ಕೂತಿತು. ಅಣ್ಣ ಅಮ್ಮನಿಗೆ ಮಾಡಿದ್ದನ್ನೇ ಅಣ್ಣನಿಗೆ ಮಾಡಬೇಕು. ಬಾಯಿಲ್ಲದವನ ಬಾಯಿಗೆ ಮಾತು ತುರುಕಬೇಕು. ವಿಷ ಬೇಡ, ದಿಂಬು ಬೇಡ. ಸರ್ಕಾರದ ವೈದ್ಯರೇ ಬಂದು, ಸಹಿ ಹಾಕಿ, ಮುಗಿಸಿ ಹೋಗುತ್ತಾರೆ.

ಅವನು ಅವಸರ ಮಾಡಲಿಲ್ಲ. ಮೊದಲು ಅಣ್ಣನ ಹಳೆಯ ಪ್ರವಚನಗಳ ಕ್ಯಾಸೆಟ್ಟುಗಳನ್ನು ಕೂತು ಕೇಳಿದ. ಅಣ್ಣ ಎಲ್ಲಿ ಉಸಿರೆಳೆಯುತ್ತಾನೆ, ಯಾವಾಗ "ಅಂದಮೇಲೆ" ಎನ್ನುತ್ತಾನೆ, ವಾದದಲ್ಲಿ ಎದುರಾಳಿಗೆ ಒಂದು ಹೆಜ್ಜೆ ಬಿಟ್ಟುಕೊಟ್ಟು ಹೇಗೆ ಕುತ್ತಿಗೆ ಹಿಡಿಯುತ್ತಾನೆ ಎಂಬುದನ್ನು ಬರೆದುಕೊಂಡ. ಮನಸ್ಸು ಬದಲಾಯಿತು ಎಂದರೆ ಯಾರೂ ನಂಬುವುದಿಲ್ಲ. ಅಣ್ಣನ ನಂಬಿಕೆಯೊಳಗಿನಿಂದಲೇ ದಾರಿ ತೆಗೆಯಬೇಕು. ಹನ್ನೆರಡು ದಿನ ತಲೆ ಕೆಡಿಸಿಕೊಂಡು ಆ ದಾರಿಯನ್ನೂ ಕಂಡುಕೊಂಡ: "ಜೀವ ಜೋಪಾನಕ್ಕೆ ಕೊಟ್ಟದ್ದು ಎಂದು ನಾನೇ ಹೇಳಿದ್ದೆ. ಅಂದಮೇಲೆ ಕೊಟ್ಟವನು ಬಂದು ಕೇಳಿದಾಗ ಕೊಡಬೇಕು. ಅವನು ಬಂದು ಕೇಳಿಯಾಗಿದೆ. ನನ್ನ ಕೈ ಕಾಲು ನಾಲಿಗೆ ಎಲ್ಲವನ್ನೂ ತೆಗೆದುಕೊಂಡಿದ್ದಾನೆ. ಉಸಿರೊಂದನ್ನು ಯಂತ್ರಕ್ಕೆ ಕಟ್ಟಿ ಹಿಡಿದುಕೊಂಡಿರುವವನು ನಾನು. ಇದು ಭಕ್ತಿಯಲ್ಲ, ಹಟ." ಬರೆದು ಮುಗಿಸಿದಾಗ ಅವನಿಗೆ ಸ್ವಲ್ಪ ಜಂಬವೂ ಆಯಿತು. ಅಣ್ಣ ಇಷ್ಟು ಚೆನ್ನಾಗಿ ಎಂದೂ ಮಾತಾಡಿರಲಿಲ್ಲ.

ಏಳು ವಾರ ಪ್ರತಿದಿನ ಮಧ್ಯಾಹ್ನ ಮೂರಕ್ಕೆ, ಆಯಾ ಕೋಣೆಯಲ್ಲಿರುವಾಗ, ಹಲಗೆ ಎತ್ತಿ ಹಿಡಿದು ಒಂದೊಂದೇ ಅಕ್ಷರ ಓದಿದ. ಅಣ್ಣನ ಕಣ್ಣು ಎಲ್ಲಿ ಬೇಕಾದರೂ ಹೋಗಲಿ, ತಮ್ಮನ ಬಾಯಿಂದ ಬರಬೇಕಾದದ್ದು ಬಂತು. ಮೊದಲ ದಿನಗಳಲ್ಲಿ ದಣಿವಿನ ಮಾತು, ಆಮೇಲೆ ಅನುಮಾನ, ಆಮೇಲೆ ನಿರ್ಧಾರ. ಎಲ್ಲವನ್ನೂ ದಪ್ಪ ನೋಟ್‌ಬುಕ್ಕಿನಲ್ಲಿ ತಾರೀಖು, ಗಂಟೆ ಸಮೇತ ಬರೆದು ಆಯಾಳ ಸಹಿ ಹಾಕಿಸಿದ. ಮಧ್ಯೆ ಎರಡು ತಪ್ಪು ಅಕ್ಷರ ಹೊಡೆದು ತಿದ್ದಿದ, ಒಂದು ದಿನ "ಇವತ್ತು ಬೇಡ" ಎಂದಷ್ಟೇ ಬರೆದ. ಆಯಾ ಸೆರಗಿನಿಂದ ಮೂಗೊರೆಸಿಕೊಂಡು, "ಎಂಥಾ ಮನುಷ್ಯ ಇವ್ರು, ಸಾಯೋದನ್ನೂ ಪಾಠ ಹೇಳ್ದಂಗೆ ಹೇಳ್ತಾರಲ್ಲಪ್ಪ" ಅಂದಳು.

ಅಣ್ಣ ಮೊದಲು ಒದ್ದಾಡಿದ. ಒದ್ದಾಟ ಎಂದರೆ ಕಣ್ಣುಗುಡ್ಡೆ ಮೇಲೆ ಕೆಳಗೆ ಎಗರುವುದು ಅಷ್ಟೇ. ನೋಡುವವರಿಗೆ ಅದು ಅಕ್ಷರ ಹುಡುಕಿದಂತೆಯೇ ಕಾಣುತ್ತಿತ್ತು. ಬರಬರುತ್ತ ಆ ನೋಟ ಹಲಗೆಯನ್ನು ದಾಟಿ ಎಲ್ಲೋ ನೆಡತೊಡಗಿತು. ಸೋಲೊಪ್ಪಿಕೊಂಡ ಎಂದು ತಮ್ಮ ಅಂದುಕೊಂಡ. ನಿಜ ಹೇಳಬೇಕೆಂದರೆ ಆ ಮುಖದತ್ತ ನೋಡುವುದನ್ನು ಅವನು ಆಗಲೇ ಬಿಟ್ಟಿದ್ದ. ಹಲಗೆಯ ಹಿಂದೆ ನಿಂತು ಗಾಜಿನ ಮೇಲಿನ ಅಕ್ಷರವನ್ನಷ್ಟೇ ನೋಡುತ್ತಿದ್ದ. ಅದರಾಚೆ ದೃಷ್ಟಿ ಹರಿದರೆ ತಕ್ಷಣ ಮುಂದಿನ ಅಕ್ಷರಕ್ಕೆ ಹಾರಿಬಿಡುತ್ತಿದ್ದ.

ದಯಾಮರಣದ ಕೋರಿಕೆಗಳನ್ನು ಪರಿಶೀಲಿಸುವ ಸರ್ಕಾರಿ ಮಂಡಳಿಯವರು ಬಂದದ್ದು ಒಂದು ಬೆಳಿಗ್ಗೆ, ಮೂವರು. ನಿವೃತ್ತ ನ್ಯಾಯಾಧೀಶರು, ಒಬ್ಬ ಡಾಕ್ಟರಮ್ಮ, ಮತ್ತು ಹಿಂದೆ ಅಣ್ಣನ ಪಕ್ಕದಲ್ಲೇ ಉಪವಾಸ ಕೂತಿದ್ದ ಧರ್ಮಗುರು. ತಮ್ಮ ಹೆದರಿದ್ದುದು ಗುರುವಿಗೆ ಮಾತ್ರ. ಗುರು ಹಾಸಿಗೆಯ ಬಳಿ ಕುರ್ಚಿ ಎಳೆದುಕೊಂಡು ಕೂತು, "ಒಟ್ಟಿಗೆ ಹೋರಾಡಿದ್ವಲ್ಲಯ್ಯ, ಈಗ ನೀನೇ ಹಿಂಗಂತೀಯಾ?" ಎಂದರು.

ತಮ್ಮ ಹಲಗೆ ಎತ್ತಿದ. ಅಣ್ಣನ ಕಣ್ಣು ಹುಚ್ಚು ಹಿಡಿದಂತೆ ಮೇಲೆ ಕೆಳಗೆ ಕುಣಿಯಿತು. ತಮ್ಮ ನಿಧಾನವಾಗಿ, ಉಸಿರೆಳೆಯಬೇಕಾದಲ್ಲಿ ಉಸಿರೆಳೆದು, ಅಕ್ಷರ ಅಕ್ಷರವಾಗಿ ಓದಿದ: "ಅಂದು ನಾನು ಬೇರೆಯವರ ನೋವಿನ ಬಗ್ಗೆ ಮಾತಾಡಿದ್ದೆ. ಅಂದಮೇಲೆ ಅದು ಸುಲಭವಾಗಿತ್ತು."

ಗುರುವಿನ ಗಡ್ಡ ಒದ್ದೆಯಾಯಿತು. "ಇದು ಅವನದೇ ಮಾತು. ನಂಗೊಪ್ಪಿಗೆ ಇಲ್ಲ, ಆದ್ರೆ ಇದು ಅವನದೇ" ಎಂದು ಎದ್ದು ಕಿಟಕಿಯ ಕಡೆ ತಿರುಗಿ ನಿಂತರು. ನ್ಯಾಯಾಧೀಶರು ನೋಟ್‌ಬುಕ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಇಷ್ಟು ಅಚ್ಚುಕಟ್ಟಾದ ದಾಖಲೆಯನ್ನು ತಾವು ಈ ಕೆಲಸಕ್ಕೆ ಬಂದಮೇಲೆ ಕಂಡಿಲ್ಲ ಎಂದರು. ಪೆನ್ನಿನ ಮುಚ್ಚಳ ತೆಗೆದರು. ತಮ್ಮ ಹಲಗೆಯನ್ನು ಗೋಡೆಗೆ ಒರಗಿಸಿಟ್ಟ. ತೋಳು ನೋಯುತ್ತಿತ್ತು. ಅಮ್ಮ, ಮುಗೀತು ನೋಡು ಎಂದು ಮನಸ್ಸಿನಲ್ಲೇ ಹೇಳಿಕೊಂಡ.

ಮೈ ಪರೀಕ್ಷೆಯೊಂದು ಬಾಕಿಯಿತ್ತು, ಬರೀ ನೆಪಕ್ಕೆ. ಡಾಕ್ಟರಮ್ಮ ಎದೆ ನೋಡಿದರು, ನಾಡಿ ನೋಡಿದರು, ಆಮೇಲೆ ಪುಟ್ಟ ದೀಪವೊಂದನ್ನು ಅಣ್ಣನ ಬಲಗಣ್ಣಿಗೆ ತೀರ ಹತ್ತಿರ ಹಿಡಿದು ಒಳಗೆ ಇಣುಕಿದರು. ಎಡಗಣ್ಣಿಗೂ ಹಿಡಿದರು. ಮತ್ತೆ ಬಲಗಣ್ಣು. ಅವರ ಹುಬ್ಬು ಗಂಟಿಕ್ಕಿತು. ಬಗ್ಗಿ ಅಣ್ಣನ ಕಿವಿಯ ಹತ್ತಿರ, "ನಿಮ್ಗೆ ನನ್ನ ಕೈ ಕಾಣ್ತಿದ್ಯಾ? ಹೌದಾದ್ರೆ ಕಣ್ಣು ಮೇಲೆ, ಇಲ್ಲಾಂದ್ರೆ ಕೆಳಗೆ" ಎಂದರು. ಕಣ್ಣು ಕೆಳಗಿಳಿದು ಅಲ್ಲೇ ನಿಂತಿತು. ಡಾಕ್ಟರಮ್ಮ ದೀಪ ಆರಿಸಿ ನ್ಯಾಯಾಧೀಶರ ಕಡೆ ತಿರುಗಿದರು. "ಎರಡೂ ಕಣ್ಣೊಳಗೆ ರಕ್ತ ಸೋರಿ ತುಂಬ್ಕೊಂಡಿದೆ ಸಾರ್, ಸಕ್ಕರೆ ಕಾಯಿಲೆಯವರಿಗೆ ಹಿಂಗಾಗುತ್ತೆ. ರಕ್ತ ಹಳೇದು, ಕಡಿಮೆ ಅಂದ್ರೂ ಎರಡು ತಿಂಗಳಾಗಿದೆ. ಇವ್ರಿಗೆ ಬೆಳಕು ಕತ್ತಲೆ ಬಿಟ್ರೆ ಏನೂ ಕಾಣಲ್ಲ." ನ್ಯಾಯಾಧೀಶರು ಪೆನ್ನಿಗೆ ಮುಚ್ಚಳ ಹಾಕಿದರು. ನೋಟ್‌ಬುಕ್ಕನ್ನು ಮತ್ತೆ ಮೊದಲ ಪುಟಕ್ಕೆ ತಿರುಗಿಸಿ, ಕನ್ನಡಕದವನ ಅಕ್ಷರದಲ್ಲಿ ಅಂದವಾಗಿ ಬರೆದಿದ್ದ ಏಳು ವಾರದ ತಾರೀಖುಗಳನ್ನು, ಒಂದೊಂದರ ಕೆಳಗೂ ಬೆರಳಿಟ್ಟು, ಗಟ್ಟಿಯಾಗಿ ಓದತೊಡಗಿದರು.